ನಿನ್ನ ಬಣ್ಣ ತಿಳಿನೀಲಿ, ಮಗಳೇ

ಶಿಮಿಝು, ಜಪಾನ್, ಏಪ್ರಿಲ್ 2025

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಹಮಾಮತ್ಸುವಿನಲ್ಲಿ ರೂಮು ಸಿಕ್ಕಿತು, ಲ್ಯಾಬಿನವರು ಒಳ್ಳೆಯವರು ಅಂತ ನೀನು ಬರೆದದ್ದು ಓದಿ ನಿನ್ನ ದೊಡ್ಡಮ್ಮನಿಗೂ ನನಗೂ ಸಮಾಧಾನವಾಯಿತು. ಆದರೆ ನೀನು ಕೇಳಿದ, ನಮ್ಮೂರ ಫುಟ್‌ಬಾಲ್ ತಂಡ ಎಸ್‌-ಪಲ್ಸ್‌ನ ಕಿತ್ತಳೆ ಜೆರ್ಸಿ ಮಾತ್ರ ನಾನು ಕಳಿಸುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ, ಯಾಕೆ ಅಂತ ಹೇಳುತ್ತೇನೆ.

"ದೊಡ್ಡಪ್ಪನ ಟೀಮೇ ನನ್ನ ಟೀಮು, ಜುಬಿಲೊ ಹೇಗೂ ಜೆ2ಗೆ ಬಿದ್ದಿದೆಯಲ್ಲ" ಅಂತ ಬರೆದಿದ್ದೀಯ. ಮೊದಲ ಮಾತು ಪ್ರೀತಿಯದು, ಗೊತ್ತು. ಎರಡನೆಯದು, ನಿನ್ನ ಪಕ್ಕದೂರು ಇವಾತಾದ ತಂಡ ಎರಡನೇ ದರ್ಜೆಯ ಲೀಗಿಗೆ ಇಳಿದದ್ದನ್ನು ಹಾಗೆ ಆಡಿದ್ದು, ನನಗೆ ಹಿಡಿಸಲಿಲ್ಲ. ಈ ಊರಿಗೆ ಬಂದಾಗಿನಿಂದ ಜುಬಿಲೊ ಸೋಲಲಿ ಅಂತ ಗಂಟಲು ಹರಿದುಕೊಂಡವನು ನಾನು. ಆದರೂ ಆ ತಂಡವನ್ನು ಯಾರಾದರೂ ಹಗುರವಾಗಿ ಆಡಿದರೆ ತಡೆಯಲಾಗುವುದಿಲ್ಲ. ನಮ್ಮನ್ನು ಇಷ್ಟು ವರ್ಷ ಕಾಡಿಸಿದವರು ಅವರು. ಅವರು ಸಣ್ಣವರಾದರೆ ನಾವೂ ಸಣ್ಣವರೇ ಅಲ್ವಾ?

ನೀನು ಈಗ ಇರುವ ಜಾಗವನ್ನು ಸ್ವಲ್ಪ ತಿಳಿದುಕೋ. ಶಿಝುವೊಕಾ ಪ್ರಾಂತ್ಯ ಹೆಸರಿಗೆ ಒಂದೇ. ಆದರೆ ನಡುವೆ ಓಯಿ ನದಿ ಹರಿಯುತ್ತದೆ. ಎದೊ ಕಾಲದಲ್ಲಿ, ಅಂದರೆ 17ರಿಂದ 19ನೇ ಶತಮಾನದ ನಡುವೆ, ಅದಕ್ಕೆ ಸೇತುವೆ ಇರಲಿಲ್ಲ. ಕೂಲಿಯವರು ಪ್ರಯಾಣಿಕರನ್ನು ಹೆಗಲ ಮೇಲೆ ಹೊತ್ತು ದಾಟಿಸುತ್ತಿದ್ದರು. ಮಳೆ ಬಂದು ನೀರು ಏರಿದರೆ ಆಚೆಯವರು ಆಚೆ, ಈಚೆಯವರು ಈಚೆ. ಈಚೆ ಕಡೆ ಹಳೆಯ ಸುರುಗಾ ಸೀಮೆ, ನಮ್ಮದು. ಆಚೆ ಎನ್‌ಶು, ನಿನ್ನದು. ಊಟ, ಮಾತಿನ ಧಾಟಿ, ವ್ಯಾಪಾರ ಎಲ್ಲದರಲ್ಲೂ ಈ ಎರಡು ಕಡೆಯವರಿಗೆ ಪೈಪೋಟಿ. ಫುಟ್‌ಬಾಲ್ ಬಂದ ಮೇಲೆ ಅದಕ್ಕೆ ಎರಡು ಬಣ್ಣ ಸಿಕ್ಕಿತು, ನಮ್ಮ ಎಸ್‌-ಪಲ್ಸ್‌ನ ಕಿತ್ತಳೆ, ನಿಮ್ಮ ಜುಬಿಲೊದ ತಿಳಿನೀಲಿ.

1993ರಲ್ಲಿ ಜಪಾನಿನ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಜೆಲೀಗ್ ಶುರುವಾದಾಗ ಇದ್ದದ್ದು ಹತ್ತು ಕ್ಲಬ್. ಬೇರೆ ಕ್ಲಬ್‌ಗಳೆಲ್ಲ ದೊಡ್ಡ ಕಂಪನಿಗಳ ಹಳೆಯ ತಂಡಗಳಿಂದ ಬಂದವು. ನಮ್ಮದು ಊರಿನ ಜನ ಕಟ್ಟಿದ್ದು. ಶಿಮಿಝುವಿನಲ್ಲಿ ಶಾಲೆಯ ಮೇಷ್ಟ್ರುಗಳು ಚಿಕ್ಕ ಮಕ್ಕಳಿಗೆ ಚೆಂಡು ಕೊಟ್ಟು ಬೆಳೆಸಿದ ಆಟ ಇದು. ಹಸೆಗಾವಾ ಕೆಂತಾ, ಓಎನೊಕಿ ಕತ್ಸುಮಿ, ಹೊರಿಇಕೆ ತಕುಮಿ ಮೂವರೂ ಒಂದೇ ಹೈಸ್ಕೂಲಿನಲ್ಲಿ ಆಡಿ, ಆಮೇಲೆ ಎಸ್‌-ಪಲ್ಸ್‌ಗೂ ಒಟ್ಟಿಗೆ ಆಡಿದರು. 1997ರಲ್ಲಿ ಕ್ಲಬ್ ದುಡ್ಡಿಲ್ಲದೆ ಮುಚ್ಚುವ ಹಂತಕ್ಕೆ ಬಂದಾಗ ಊರವರು ಸಹಿ ಸಂಗ್ರಹಕ್ಕೆ ಬೀದಿಗಿಳಿದರು. ಕೊನೆಗೆ ನಮ್ಮ ಬಂದರಿನ ಹಳೆಯ ಸಂಸ್ಥೆ ಸುಝುಯೊ ಕೈಹಿಡಿಯಿತು. 2003ರಲ್ಲಿ ಶಿಮಿಝು ಅನ್ನುವ ನಗರವೇ ಶಿಝುವೊಕಾ ನಗರದೊಳಗೆ ಸೇರಿಹೋಯಿತು. ಕ್ಲಬ್ಬಿನ ಹೆಸರಿನಲ್ಲಿ ಶಿಮಿಝು ಉಳಿದಿದೆ. ಇಲ್ಲಿಯವರು ಈ ತಂಡವನ್ನು ಇಷ್ಟು ಹಚ್ಚಿಕೊಳ್ಳಲು ಅದೂ ಒಂದು ಕಾರಣ ಅಂತ ನನಗನಿಸುತ್ತದೆ.

ಜುಬಿಲೊ ಇವಾತಾ ಯಮಹಾ ಮೋಟರ್ ಕಾರ್ಖಾನೆಯ ತಂಡವಾಗಿ ಹುಟ್ಟಿದ್ದು. ನಿಮ್ಮಪ್ಪ ಕಾಲೇಜಿನಲ್ಲಿ ಹಾರಿಸಿಕೊಂಡು ಹೋಗುತ್ತಿದ್ದ ಆರ್‌ಎಕ್ಸ್ 100 ನೆನಪಿದೆಯಲ್ಲ, ಅದೇ ಯಮಹಾ. ಅವರ ಮುಖ್ಯ ಕಚೇರಿಯ ಪಕ್ಕದಲ್ಲೇ ಸ್ಟೇಡಿಯಂ ಇದೆ. 1994ರಲ್ಲಿ ಜೆಲೀಗ್‌ಗೆ ಬಂದರು. ಬ್ರೆಜಿಲ್‌ನ ವಿಶ್ವಕಪ್ ನಾಯಕ ದುಂಗಾ ಅಲ್ಲಿ ಆಡಿದ. 1997, 1999, 2002ರಲ್ಲಿ ಲೀಗ್ ಗೆದ್ದರು. ವಿಶ್ವಕಪ್‌ನಲ್ಲಿ ಜಪಾನಿನ ಮೊದಲ ಗೋಲು, 1998ರಲ್ಲಿ ಜಮೈಕಾ ಮೇಲೆ, ಹೊಡೆದದ್ದು ಜುಬಿಲೊದ ನಕಯಾಮಾ ಮಸಾಶಿ. ಅದೇ ವರ್ಷ ಆತ ಲೀಗ್‌ನಲ್ಲಿ ಸತತ ನಾಲ್ಕು ಪಂದ್ಯಗಳಲ್ಲಿ ಹ್ಯಾಟ್ರಿಕ್ ಹೊಡೆದ. ನಾನು ಕಿತ್ತಳೆಯವನಾದರೂ ಇದನ್ನು ಹೇಳುವಾಗ ನನಗೇ ಮೈ ಜುಂ ಅನ್ನುತ್ತದೆ. ಇನ್ನೊಂದು ವಿಷಯ. ಜುಬಿಲೊದ ನಡುಭಾಗವನ್ನು ಆಳಿದ ನನಾಮಿ ಹಿರೊಶಿ ನಮ್ಮ ಶಿಮಿಝುವಿನ ಹೈಸ್ಕೂಲಿನಲ್ಲಿ ಆಡಿ ಬೆಳೆದ ಹುಡುಗ! ನಾವು ಬೆಳೆಸಿದ ಮಗ ನದಿ ದಾಟಿ ಹೋಗಿ ಅವರಿಗೆ ಕಪ್ ತಂದುಕೊಟ್ಟ. ಇಲ್ಲಿಯ ಅಜ್ಜಂದಿರು ಈಗಲೂ ಅವನ ಹೆಸರನ್ನು ಹೆಮ್ಮೆ, ಸಂಕಟ ಎರಡನ್ನೂ ಸೇರಿಸಿಯೇ ಹೇಳುತ್ತಾರೆ.

1999ರ ಕಥೆಯನ್ನು ನಿನ್ನ ಲ್ಯಾಬಿನವರು ಖಂಡಿತ ಹೇಳುತ್ತಾರೆ. ಅವರ ಬಾಯಲ್ಲಿ ಒಂದು ಥರ ಇರುತ್ತದೆ, ನನ್ನಿಂದ ಇನ್ನೊಂದು ಥರ ಕೇಳು. ಆಗ ಲೀಗ್ ಎರಡು ಹಂತದಲ್ಲಿ ನಡೆಯುತ್ತಿತ್ತು. ಮೊದಲ ಹಂತ ಜುಬಿಲೊ ಗೆದ್ದಿತು, ಎರಡನೆಯದು ನಾವು. ಇಡೀ ವರ್ಷದ ಅಂಕ ಕೂಡಿದರೆ ನಾವೇ ಮೇಲಿದ್ದೆವು. ಆದರೂ ನಿಯಮದ ಪ್ರಕಾರ ಫೈನಲ್, ಎರಡು ಪಂದ್ಯ. ಅವರ ಅಂಗಳದಲ್ಲಿ ಅವರು 2-1. ನಮ್ಮ ಅಂಗಳ ನಿಹೊನ್‌ದೈರಾದಲ್ಲಿ ನಮ್ಮ ಅಲೆಕ್ಸ್‌ಗೆ ರೆಡ್ ಕಾರ್ಡ್ ಸಿಕ್ಕಿ ಹತ್ತೇ ಜನ ಉಳಿದರು. ನಮ್ಮ ಸವನೊಬೊರಿ ಫ್ರೀಕಿಕ್ಕಿನಲ್ಲಿ ಸಮ ಮಾಡಿದ. ಹೆಚ್ಚುವರಿ ಸಮಯದಲ್ಲಿ ನಾವು ಗೆದ್ದೆವು, 2-1. ಇಬ್ಬರೂ ಒಂದೊಂದು ಗೆದ್ದದ್ದರಿಂದ ಆಮೇಲೆ ಪೆನಾಲ್ಟಿ ಶೂಟೌಟ್. ಅಲ್ಲಿ ಸೋತೆವು. ಎಸ್‌-ಪಲ್ಸ್ ಇವತ್ತಿನವರೆಗೂ ಮೇಲಿನ ದರ್ಜೆಯ ಲೀಗ್ ಗೆದ್ದಿಲ್ಲ. ಆ ದಿನ ಸ್ಟೇಡಿಯಂನಲ್ಲಿದ್ದವರು ಇನ್ನೂ ನನ್ನ ಆಚೆ ಈಚೆ ಸೀಟಿನಲ್ಲಿ ಕೂರುತ್ತಾರೆ. ಒಬ್ಬರೂ ಬಿಟ್ಟು ಹೋಗಿಲ್ಲ.

ಇತ್ತೀಚಿನದು ಇನ್ನೂ ಕಷ್ಟದ್ದು. 2022ರ ಅಕ್ಟೋಬರ್‌ನಲ್ಲಿ ಎಕೋಪಾ ಸ್ಟೇಡಿಯಂನಲ್ಲಿ ಡರ್ಬಿ, ಅಂದರೆ ಒಂದೇ ಪ್ರಾಂತ್ಯದ ನಮ್ಮಿಬ್ಬರ ಪಂದ್ಯ. ಇಬ್ಬರೂ ತಳದಲ್ಲಿದ್ದೆವು. ನಾವು ಮುಂದಿದ್ದೆವು, ಕೊನೆ ಗಳಿಗೆಯಲ್ಲಿ ಅವರು 1-1 ಮಾಡಿದರು. ಆ ವರ್ಷ ಇಬ್ಬರೂ ಒಟ್ಟಿಗೆ ಜೆ2ಗೆ ಮುಳುಗಿದೆವು, ನಾವು 17ನೇ ಸ್ಥಾನ, ಅವರು 18. ಮಾರನೆಯ ವರ್ಷ ಜೆ2ನಲ್ಲಿ ಕೊನೆಯ ದಿನದವರೆಗೂ ನಾವು ಎರಡನೇ ಸ್ಥಾನದಲ್ಲಿದ್ದೆವು, ಗೆದ್ದಿದ್ದರೆ ಮೇಲೆ ಹೋಗುತ್ತಿದ್ದೆವು. ಮಿತೊದಲ್ಲಿ 1-1 ಡ್ರಾ. ಅದೇ ದಿನ ಗೆದ್ದು ನಮ್ಮನ್ನು ದಾಟಿ ಮೇಲೆ ಹೋದವರು ಯಾರು? ಜುಬಿಲೊ. ನಮಗೆ ಉಳಿದದ್ದು ಪ್ಲೇಆಫ್, ಬಡ್ತಿಯ ಕೊನೆಯ ಒಂದು ಜಾಗಕ್ಕೆ. ಟೋಕಿಯೊದ ರಾಷ್ಟ್ರೀಯ ಸ್ಟೇಡಿಯಂನಲ್ಲಿ ಟೋಕಿಯೊದ್ದೇ ತಂಡವಾದ ವೆರ್ದಿ ವಿರುದ್ಧ ಫೈನಲ್, ಇಂಜುರಿ ಟೈಮ್‌ನವರೆಗೂ 1-0 ಮುಂದಿದ್ದೆವು. ಪೆನಾಲ್ಟಿ ಕೊಟ್ಟೆವು. 1-1. ಡ್ರಾ ಆದರೆ ಲೀಗಿನಲ್ಲಿ ಮೇಲಿದ್ದವರಿಗೆ ಬಡ್ತಿ, ಹಾಗಾಗಿ ವೆರ್ದಿ ಹೋಯಿತು. ಆ ಸಂಜೆ ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಮಫ್ಲರನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿಗಿಟ್ಟು, ಕಾಲಡಿಯ ಕಸ ಆರಿಸಿ, "ಮುಂದಿನ ವರ್ಷ ಸಿಗೋಣ" ಅಂತ ಎಲ್ಲರಿಗೂ ಹೇಳಿ ಹೊರಟರು. ಮುಂದಿನ ವರ್ಷ ನಾವು ಜೆ2 ಗೆದ್ದೆವು. ಅದೇ ವರ್ಷ ಜುಬಿಲೊ ಮತ್ತೆ ಕೆಳಗೆ ಬಿತ್ತು. ಈ ಫೆಬ್ರವರಿಯಲ್ಲಿ ಮೇಲಿನ ದರ್ಜೆಯ, ಅಂದರೆ ಜೆ1ರ, ಮೊದಲ ಪಂದ್ಯ ಅದೇ ಸ್ಟೇಡಿಯಂನಲ್ಲಿ, ಅದೇ ವೆರ್ದಿ ವಿರುದ್ಧ. 1-0 ಗೆದ್ದೆವು.

ಹೀಗಾಗಿ ಈ ವರ್ಷ ಲೀಗ್‌ನಲ್ಲಿ ಡರ್ಬಿ ಇಲ್ಲ. ಕಪ್‌ನಲ್ಲಿ ಎದುರುಬದುರಾದರೆ ಬೇರೆ ಮಾತು. ನಾನು ನಿನಗೆ ಹೇಳಬೇಕಾದದ್ದು ಇಲ್ಲೇ ಇದೆ. ಡರ್ಬಿ ಬೇಕು ಅಂದರೆ ಜುಬಿಲೊ ಮೇಲೆ ಬರಬೇಕು. ಅವರು ಮೇಲೆ ಬರಬೇಕು ಅಂದರೆ ಇಂಥ ವರ್ಷದಲ್ಲೇ ಸ್ಟೇಡಿಯಂ ತುಂಬಬೇಕು. ನೀನು ಎನ್‌ಶು ನೀರು ಕುಡಿಯುತ್ತೀಯ, ಅಲ್ಲಿಯವರ ಜೊತೆ ಕೆಲಸ ಮಾಡುತ್ತೀಯ. ನಿನ್ನ ತಂಡ ಜುಬಿಲೊ. ದೊಡ್ಡಪ್ಪನ ಮೇಲಿನ ಪ್ರೀತಿಗೆ ಕಿತ್ತಳೆ ಹಾಕಿಕೊಂಡರೆ ಟಿವಿ ಮುಂದೆ ಒಬ್ಬಳೇ ಕೂರುತ್ತೀಯ. ತಿಳಿನೀಲಿ ಹಾಕಿಕೊಂಡರೆ ಸೋಮವಾರ ಲ್ಯಾಬಿನಲ್ಲಿ ಮಾತಾಡಲು ಜನ ಇರುತ್ತಾರೆ. ಪರದೇಶದಲ್ಲಿ ಅದು ಸಣ್ಣ ವಿಷಯ ಅಲ್ಲ. ನನಗೆ ಈ ಊರಲ್ಲಿ ಮೊದಲು ಹೆಸರು ಹಿಡಿದು ಕರೆದವರು ಆಫೀಸಿನವರಲ್ಲ, ನಿಹೊನ್‌ದೈರಾದ ಗೋಲಿನ ಹಿಂದೆ ಸಾಂಬಾ ಡೋಲು ಬಾರಿಸುತ್ತಿದ್ದ ಜನ.

ಹೋಗುವುದು ಸುಲಭ. ಹಮಾಮತ್ಸುವಿನಿಂದ ತೊಕೈದೊ ಲೈನ್ ಹತ್ತು. ತೆನ್‌ರ್ಯೂ ನದಿ ದಾಟಿ, ಇವಾತಾ ಆದ ಮೇಲೆ ಮುಂದಿನ ಸ್ಟೇಷನ್ ಮಿಕುರಿಯಾ, 2020ರಲ್ಲಿ ಆದದ್ದು. ಅಲ್ಲಿಂದ ನೀಲಿ ಜೆರ್ಸಿಯವರ ಹಿಂದೆ ನಡೆದರೆ ಆಯಿತು. ಮೊದಲ ಸಲ ಗೋಲಿನ ಹಿಂದೆ ಟಿಕೆಟ್ ತೆಗೆದುಕೊಳ್ಳಬೇಡ. ಅಲ್ಲಿ ಇಡೀ ಪಂದ್ಯ ನಿಂತು ಹಾಡಬೇಕು. ಬದಿಯ ಸ್ಟ್ಯಾಂಡಿನಲ್ಲಿ ಕೂತು ಹಾಡುಗಳನ್ನು ಕೇಳಿಸಿಕೋ, ಆಮೇಲೆ ಹೋಗು. ಕ್ಯಾನ್, ಗಾಜಿನ ಬಾಟಲಿ ಒಳಗೆ ಬಿಡುವುದಿಲ್ಲ, ಗೇಟಿನಲ್ಲೇ ಪೇಪರ್ ಕಪ್ಪಿಗೆ ಸುರಿದುಕೊಳ್ಳಬೇಕು. ಮಾಂಸ ಇಲ್ಲದ ತಿಂಡಿ ಸಿಗುವುದು ಕಷ್ಟ, ಚಿತ್ರಾನ್ನ ಡಬ್ಬಿಗೆ ಹಾಕಿಕೋ. ಎದುರು ತಂಡದ ಬಣ್ಣದ ಬಟ್ಟೆ ಹಾಕಿಕೊಂಡು ಹೋಗಬೇಡ, ಕಿತ್ತಳೆಯಂತೂ ಬೇಡವೇ ಬೇಡ. ಪಂದ್ಯ ಮುಗಿದ ತಕ್ಷಣ ಎದ್ದು ಹೊರಡಬೇಡ. ಆಟಗಾರರು ಒಂದೊಂದು ಸ್ಟ್ಯಾಂಡಿನ ಮುಂದೆ ಬಂದು ಬಗ್ಗಿ ನಮಸ್ಕರಿಸುತ್ತಾರೆ. ಸೋತ ದಿನವೂ ಬರುತ್ತಾರೆ, ಆಗ ನೀನು ಅಲ್ಲಿರಬೇಕು.

ಫುಜಿಎದಾ ತಂಡವೂ ಈಗ ಜೆ2ನಲ್ಲಿದೆ, ನಮ್ಮ ಪ್ರಾಂತ್ಯದ್ದೇ. ಜುಬಿಲೊ ಜೊತೆ ಅವರ ಪಂದ್ಯ ಇದ್ದಾಗ ತಪ್ಪದೆ ನೋಡು. ಹಳೆಯ ಕಥೆ ಅದಕ್ಕಿಲ್ಲ, ಆದರೆ ಸಣ್ಣ ತಂಡ ದೊಡ್ಡದನ್ನು ಹೇಗೆ ಎದುರಿಸುತ್ತದೆ ಅಂತ ಕಲಿಯುತ್ತೀಯ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಾವು ಮತ್ತೆ ಬಿದ್ದರೂ ನಗಬೇಡ, ಜುಬಿಲೊ ಅಲ್ಲೇ ಉಳಿದರೂ ತಂಡ ಬದಲಾಯಿಸಬೇಡ. ಎದುರಾಳಿಯನ್ನು ತೊಂಬತ್ತು ನಿಮಿಷ ಬೈಯಿ, ಆಮೇಲೆ ಸ್ಟೇಷನ್ನಿನಲ್ಲಿ ಅವರ ಮಗು ಅಳುತ್ತಿದ್ದರೆ ಸೀಟು ಬಿಟ್ಟುಕೊಡು. ಇಲ್ಲಿ ಎಲ್ಲರೂ ಹಾಗೇ ಇರುತ್ತಾರೆ ಅಂತಲ್ಲ. ಕಿರುಚಾಡಿ ಕೆಟ್ಟದಾಗಿ ನಡೆದುಕೊಳ್ಳುವವರು ಎರಡೂ ಕಡೆ ಇದ್ದಾರೆ. ಅವರ ಹತ್ತಿರ ನಿಲ್ಲಬೇಡ.

ಲ್ಯಾಬ್ ಕೆಲಸ ಇರುವ ದಿನ ಪಂದ್ಯ ಬಿಡು, ಓದು ಮೊದಲು. ನೀಲಿ ಮಫ್ಲರ್ ತೆಗೆದುಕೊಳ್ಳಲು ನಿನ್ನ ಖಾತೆಗೆ ದುಡ್ಡು ಹಾಕಿದ್ದೇನೆ. ಬೇರೆ ಯಾವುದಕ್ಕೂ ಖರ್ಚು ಮಾಡಬೇಡ. ಗೋಲ್ಡನ್ ವೀಕ್ ರಜೆಗೆ ಇಲ್ಲಿಗೆ ಬಾ, ದೊಡ್ಡಮ್ಮ ಹೋಳಿಗೆ ಮಾಡುತ್ತಾಳಂತೆ. ಯಾವ ಟ್ರೈನಿಗೆ ಬರುತ್ತೀಯ ಅಂತ ಮೊದಲೇ ತಿಳಿಸು, ಸ್ಟೇಷನ್ನಿಗೆ ಬರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ