ಸದ್ದು ಸಹಿಸಿದವರಿಗೆ ನಮಸ್ಕಾರ

ಪುಣೆಯ ನಾರಾಯಣ ಪೇಠೆಯಲ್ಲಿ ನಮ್ಮ ಮಿಕ್ಸಿಂಗ್ ಸ್ಟುಡಿಯೋ ಕಡೆಗೂ ಕೆಲಸ ಆರಂಭಿಸಿದೆ. ಧಾರವಾಡದ ನನ್ನ ಗುರುಗಳು ಹಾಡಿದ ಖಯಾಲ್‌ಗಳ ಧ್ವನಿಸಂಪುಟ, ಕೇಳುಗರ ಸುತ್ತಲಿಂದಲೂ ತಲೆಯ ಮೇಲಿನಿಂದಲೂ ಧ್ವನಿ ಬರುವಂತೆ ಮಾಡುವ ಡಾಲ್ಬಿ ಅಟ್ಮಾಸ್‌ನಲ್ಲಿ ಮಿಕ್ಸ್ ಆಗಿ ಕಳೆದ ವಾರ ಪ್ರಕಾಶಕರ ಕೈಸೇರಿತು. ಅಂದಿನಿಂದ ಅಭಿನಂದನೆಯ ಕರೆಗಳು ಬರುತ್ತಲೇ ಇವೆ. ಅಷ್ಟನ್ನೂ ನಾನೊಬ್ಬಳೇ ಇಟ್ಟುಕೊಳ್ಳುವುದು ನ್ಯಾಯವಲ್ಲ. ಈ ಕೋಣೆಯನ್ನು ಕಟ್ಟಿದವರಲ್ಲಿ ಹೆಚ್ಚಿನವರು ಅದರೊಳಗೆ ಕುಳಿತು ಇನ್ನೂ ಒಂದು ಹಾಡನ್ನೂ ಕೇಳಿಲ್ಲ. ಹೆಸರು ಹಾಕಬೇಡ ಎಂದು ಹಲವರು ಹೇಳಿರುವುದರಿಂದ ಅವರವರ ಕೆಲಸದಿಂದಲೇ ಅವರನ್ನು ನೆನೆಯುತ್ತೇನೆ.

ಮೊದಲ ನಮಸ್ಕಾರ ಮೇಲಿನ ಮನೆಯ ಆಜೀ ಅವರಿಗೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗಿನ ವಿಶ್ರಾಂತಿಗೆ ಪುಣೆಯ ಹಳೆಯ ಪೇಠೆಗಳಲ್ಲಿ ಎಷ್ಟು ಮರ್ಯಾದೆ ಇದೆಯೆಂದು ಇಲ್ಲಿದ್ದವರಿಗೆ ಗೊತ್ತು. ನಾವು ಹಿಡಿದದ್ದು ಮುಚ್ಚಿಹೋದ ಒಂದು ಛಾಪಖಾನೆಯ ನೆಲಮಹಡಿ. ಯಂತ್ರಗಳ ಭಾರ ಹೊತ್ತ ಗಟ್ಟಿ ನೆಲವಿತ್ತು, ನಮಗೆ ತೀರಾ ಬೇಕಾಗಿದ್ದ ಎತ್ತರವೂ ಇತ್ತು. ಅಟ್ಮಾಸ್ ಕೋಣೆಯಲ್ಲಿ ಕಿವಿಯ ಮಟ್ಟದಲ್ಲಿ 7 ಸ್ಪೀಕರ್, ತಗ್ಗು ಧ್ವನಿಗೆಂದು ಸಬ್‌ವೂಫರ್, ಇವಲ್ಲದೆ ತಲೆಯ ಮೇಲೆ 4 ಸ್ಪೀಕರ್ ಇರಬೇಕು. ಸೂರು ತಗ್ಗಾಗಿದ್ದರೆ ಮೇಲಿನವು ನೆತ್ತಿಗೇ ಬಂದು ಕೂರುತ್ತವೆ. ಆದರೆ ಯಂತ್ರಗಳ ಕಾಂಕ್ರೀಟ್ ಕಟ್ಟೆಗಳನ್ನು ಒಡೆಯದೆ ಕೆಲಸ ಮುಂದುವರಿಯುವಂತಿರಲಿಲ್ಲ. ಆಜೀ ಒಂದೇ ಪ್ರಶ್ನೆ ಕೇಳಿದರು: “ಎಲ್ಲ ಮುಗಿದ ಮೇಲೆ ನನಗೆ ಏನೂ ಕೇಳಿಸುವುದಿಲ್ಲ ತಾನೇ?” ಇಲ್ಲವೆಂದೆ. ಒಡೆಯುವ ಕೆಲಸ ನಡೆದಷ್ಟೂ ದಿನ ಅವರು ಊಟ ಮುಗಿಸಿಕೊಂಡು ಕೋಥರೂಡಿನ ಮಗಳ ಮನೆಗೆ ಹೋಗಿ ಮಲಗಿ ಬಂದರು. ಎಂಬತ್ತು ದಾಟಿದ ಜೀವ. ಒಮ್ಮೆಯೂ ಮುಖ ಸಿಂಡರಿಸಲಿಲ್ಲ.

ಸಾಲ ಕೊಟ್ಟ ಪತ್ತಿನ ಸಹಕಾರಿ ಸಂಘದ ಹಿರಿಯರಿಗೂ ನಾನು ಋಣಿ. ಸ್ಪೀಕರ್, ಕಂಪ್ಯೂಟರ್‌ಗಳಿಗೆ ಸಾಲ ಕೊಡಲು ಬ್ಯಾಂಕಿನವರು ಸಿದ್ಧರಿದ್ದರು, ಏಕೆಂದರೆ ಅವನ್ನು ಜಪ್ತಿ ಮಾಡಿ ಮಾರಬಹುದು. ಆದರೆ ಇಂಥ ಸ್ಟುಡಿಯೋದಲ್ಲಿ ಹಣದ ದೊಡ್ಡ ಪಾಲು ಗೋಡೆಯೊಳಗೆ ಹೋಗುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಸಂಘದ ಹಿರಿಯರು ಸ್ಥಳಕ್ಕೆ ಬಂದು, ಅರ್ಧ ಎದ್ದ ಗೋಡೆಯನ್ನು ತಟ್ಟಿ ನೋಡಿ, “ಇದು ಕಷ್ಟಪಟ್ಟು ಮಾಡುತ್ತಿರುವ ಕೆಲಸ” ಎಂದು ಸಹಿ ಹಾಕಿದರು.

ಈಗ ಗೌಂಡಿ ಕಾಕಾ. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು, ಬಹಳ ವರ್ಷಗಳಿಂದ ಪುಣೆಯಲ್ಲಿ ಗಾರೆ ಕೆಲಸ ಮಾಡಿಕೊಂಡಿದ್ದಾರೆ. ಕೋಣೆಯೊಳಗೆ ಇನ್ನೊಂದು ಕೋಣೆ ಕಟ್ಟಬೇಕು, ಒಳಗಿನದು ಹೊರಗಿನದಕ್ಕೆ ಎಲ್ಲಿಯೂ ತಾಗಬಾರದು, ನೆಲವೂ ರಬ್ಬರ್ ದಿಂಡುಗಳ ಮೇಲೆ ಬೇರೆಯಾಗಿ ನಿಲ್ಲಬೇಕು ಎಂದಾಗ ಕೂಲಿಯವರು ಮುಖ ಮುಖ ನೋಡಿಕೊಂಡರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಅವರಿಗೆ ಹೇಳಿದರು: “ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಹೊಡೆದರೆ ಎಷ್ಟು ಸಲ ತಿರುಗಿ ಬರುತ್ತದೆ, ನೋಡಿದ್ದೀರಲ್ಲ? ತಂಗಿಗೆ ಅದು ಒಂದು ಸಲವೂ ಬರಬಾರದು. ಹೊರಗಿನ ಚಪ್ಪಾಳೆ ಒಳಗೂ ಬರಬಾರದು.” ಧ್ವನಿಶಾಸ್ತ್ರದ ಎರಡು ಬೇರೆ ಬೇರೆ ವಿಷಯಗಳನ್ನು, ಒಳಗಿನ ಅನುರಣನ ಮತ್ತು ಹೊರಗಿನ ಸದ್ದಿನ ತಡೆ, ಇಷ್ಟು ಚೊಕ್ಕವಾಗಿ ಬಿಡಿಸಿ ಹೇಳಿದ್ದನ್ನು ನಾನು ತರಗತಿಯಲ್ಲೂ ಕೇಳಿರಲಿಲ್ಲ.

ಎರಡು ಗೋಡೆಗಳ ನಡುವಿನ ಸಂದಿನಲ್ಲಿ ಇಟ್ಟಿಗೆ ಕಟ್ಟುವಾಗ ಗಾರೆ ಉದುರುತ್ತದೆ. ಹಾಗೆ ಉದುರಿದ ಒಂದು ಹೆಂಟೆ ಎರಡೂ ಗೋಡೆಗೆ ಅಂಟಿ ಒಣಗಿದರೆ ಸದ್ದಿಗೆ ಅದೇ ಸೇತುವೆ. ಖರ್ಚು ಮಾಡಿದ್ದೆಲ್ಲ ದಂಡ. ಕಾಕಾ ಗೋಣಿತಟ್ಟನ್ನು ದಪ್ಪಗೆ ಸುತ್ತಿ ಹಗ್ಗಕ್ಕೆ ಕಟ್ಟಿ ಆ ಸಂದಿನಲ್ಲಿ ಇಳಿಬಿಟ್ಟರು. ಸಂಜೆ ಕೆಲಸ ಬಿಡುವ ಮುಂಚೆ ಅದನ್ನು ಮೆಲ್ಲಗೆ ಮೇಲೆಳೆದು, ಅದರ ಮೇಲೆ ಬಿದ್ದಿದ್ದ ಗಾರೆಯನ್ನು ಕೊಡವಿ, ಮೊಬೈಲಿನ ದೀಪ ಬಿಟ್ಟು ತಳದವರೆಗೂ ಇಣುಕಿ ನೋಡಿಯೇ ಕೈ ತೊಳೆಯುತ್ತಿದ್ದರು. ಯಾರೂ ಅವರಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಮೇಲ್ವಿಚಾರಣೆಗೆ ನಾನಿಲ್ಲದ ಸಂಜೆಗಳಲ್ಲೂ ಗೋಣಿತಟ್ಟು ಮೇಲೆ ಬಂದಿತ್ತೆಂದು ನನಗೆ ಗೊತ್ತು. ಮುಂದೆ ಅಳತೆ ಮಾಡಿದಾಗ ಗೋಡೆಯೇ ಅದಕ್ಕೆ ಸಾಕ್ಷಿ ಹೇಳಿತು.

ವಿದ್ಯುತ್ ಕೆಲಸದ ಅಣ್ಣಂದಿರು ವೈರು ಹೋದ ಪ್ರತಿ ತೂತನ್ನೂ ಮುಚ್ಚಿದರು. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ ಸಾಕು, ಅದೆಷ್ಟೇ ದಪ್ಪದ ಗೋಡೆಯಾಗಿರಲಿ, ಸದ್ದಿನ ತಡೆ 20 ಡೆಸಿಬಲ್‌ಗೆ ನಿಂತುಬಿಡುತ್ತದೆ, ಮುಂದೆ ಏರುವುದಿಲ್ಲ. ಸ್ಪೀಕರ್‌ಗಳಿಗೆ ಕಬ್ಬಿಣದ ಹಿಡಿಕೆ ಮಾಡಿದ ವೆಲ್ಡರ್, ತೂಗುಗುಂಡು ಮತ್ತು ರಸಮಟ್ಟ ಹಿಡಿದು ಒಂದೊಂದನ್ನೂ ನಕ್ಷೆಯ ಕೋನಕ್ಕೆ ತಂದು ನಿಲ್ಲಿಸಿದರು. ಒಂದು ಸ್ಪೀಕರ್ 34 ಸೆಂಟಿಮೀಟರ್ ಹತ್ತಿರವಿದ್ದರೆ ಅದರ ಧ್ವನಿ ಸುಮಾರು ಒಂದು ಮಿಲಿಸೆಕೆಂಡ್ ಮೊದಲೇ ಬರುತ್ತದೆ. ಅಂಥ ವ್ಯತ್ಯಾಸವನ್ನು ಯಂತ್ರ ಸರಿದೂಗಿಸಬಲ್ಲದು, ಕೋನ ತಪ್ಪಿದ್ದರೆ ಅದರ ಕೈಯಲ್ಲಿ ಏನೂ ಆಗದು.

ಮಳೆಗಾಲದ ನಡುವೆ, ಸದ್ದು ಹೀರಲು ಗೋಡೆಗೆ ತುಂಬುವ ಉಣ್ಣೆಯಂಥ ರಾಕ್‌ವೂಲ್ ಹೊತ್ತು ಲಾರಿ ಬಂದು ನಿಂತಿತು. ಒಳಗೆ ಹಸಿ ಗಾರೆ, ಹೊರಗೆ ಸುರಿಮಳೆ. ಎದುರು ವಾಡೆಯ ಕುಟುಂಬದವರು ತಮ್ಮ ಪಡಸಾಲೆಯ ಸಾಮಾನು ಒಳಗಿಟ್ಟು ಜಾಗ ಮಾಡಿಕೊಟ್ಟರು, ಮಕ್ಕಳೂ ಮೂಟೆಗಳಿಗೆ ಹೆಗಲು ಕೊಡಲು ಬಂದರು. ಆಗ ನನಗೆ ಅಮೆರಿಕದ ಭೌತವಿಜ್ಞಾನಿ ವಾಲೆಸ್ ಸಬೀನ್ ನೆನಪಾದರು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಉಪನ್ಯಾಸ ಭವನದಲ್ಲಿ ಮಾತು ಕಲಸಿಹೋಗುತ್ತಿತ್ತು. ಕಾರಣ ಹುಡುಕಲು ಹೊರಟ ಸಬೀನ್, ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಆಸನದ ದಿಂಬುಗಳನ್ನು ರಾತ್ರಿ ಹೊತ್ತು ತರಿಸಿ, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದರು. ಆ ಹೊತ್ತನ್ನು, ಅಂದರೆ ಅನುರಣನ ಕಾಲವನ್ನು, ಇಂದಿಗೂ ನಾವು ಲೆಕ್ಕ ಹಾಕುವುದು ಅವರದೇ ಸೂತ್ರದಿಂದ. ದಿಂಬು ಹೊತ್ತ ಸಹಾಯಕರ ಹೆಸರು ಸೂತ್ರದಲ್ಲಿಲ್ಲ. ವಾಡೆಯ ಮಕ್ಕಳೇ, ನೀವು ಹೊತ್ತ ಮೂಟೆಗಳು ಈಗ ನಮ್ಮ ಹಿಂಗೋಡೆಯ ಒಳಗಿವೆ.

ಕೋಣೆಯ ನಕ್ಷೆ ಮಾಡಿದವಳು ನನ್ನ ಗೆಳತಿ, ಧ್ವನಿವಿನ್ಯಾಸಕಿ. ಉದ್ದ 6.2, ಅಗಲ 4.7, ಎತ್ತರ 3.1 ಮೀಟರ್ ಎಂದು ಅವಳು ಬರೆದ ಅಳತೆಯಲ್ಲಿ ಬೆರಳಗಲವನ್ನೂ ಬದಲಿಸಲು ಬಿಡಲಿಲ್ಲ. 90 ಘನಮೀಟರಿನ ಕೋಣೆಗೆ ಯುರೋಪಿನ ಪ್ರಸಾರ ಒಕ್ಕೂಟದ ಸೂತ್ರ ಹೇಳುವ ಅನುರಣನ ಕಾಲ ಸುಮಾರು 0.24 ಸೆಕೆಂಡ್, ಅಲ್ಲಿಗೇ ತಂದು ನಿಲ್ಲಿಸಿದಳು. ಅಳತೆಗೆ ಬಳಸಿದ ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶವನ್ನು ಜಗತ್ತಿಗೇ ಉಚಿತವಾಗಿ ಕೊಟ್ಟಿರುವ ಜಾನ್ ಮಲ್ಕಾಹಿ ಅವರಿಗೂ ಇಲ್ಲಿಂದಲೇ ಕೈಮುಗಿಯುತ್ತೇನೆ.

ಅಳತೆಗಳೆಲ್ಲ ಹೆಚ್ಚುಕಡಿಮೆ ಕೂಡಿಬಂದ ಮೇಲೂ ಒಂದು ತೊಡಕು ಉಳಿದಿತ್ತು. ಗುರುಗಳದು ಕಪ್ಪು ಒಂದರ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ, ಶ್ರುತಿ. ಅವರ ತಂಬೂರಿಯ ಖರಜದ (ಅತಿ ತಗ್ಗಿನ ಷಡ್ಜದ) ತಂತಿ ಸುಮಾರು 69 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳಲ್ಲಿ, ನುಡಿಯುತ್ತದೆ. 4.7 ಮೀಟರ್ ಅಗಲದ ಕೋಣೆ ತಾನಾಗಿಯೇ ಗುನುಗುವ ಸ್ವರಗಳಲ್ಲಿ ಒಂದು 73ರ ಆಸುಪಾಸಿನಲ್ಲಿದೆ, ಅದು ಅತಿ ಜೋರಾಗಿ ಕೇಳುವ ಜಾಗಗಳಲ್ಲಿ ಕೋಣೆಯ ನಡುಮಧ್ಯವೂ ಒಂದು, ನಾವು ಕೂರುವುದೂ ಅಲ್ಲಿಯೇ. ಹಾಗಾಗಿ ಖರಜ ಬೇಗ ಅಡಗದೆ ಗುಂಯ್‌ಗುಡುತ್ತಲೇ ಉಳಿಯುತ್ತಿತ್ತು. ಮೊಟ್ಟೆಯ ಟ್ರೇ, ತೆಳು ಸ್ಪಂಜು ಅಂಟಿಸಿದರೆ ಸಾಕೆಂದು ಈಗಲೂ ನಂಬುವವರಿದ್ದಾರೆ. ಸುಮಾರು ಐದು ಮೀಟರ್ ಉದ್ದದ ಅಲೆಗೆ ಅದು ಲೆಕ್ಕಕ್ಕೇ ಇಲ್ಲ. ರಾಜಸ್ಥಾನದ ನಮ್ಮ ಬಡಗಿ ಭಾಯಿ ಪಕ್ಕದ ಗೋಡೆಗಳಿಗೆ ಪೆಟ್ಟಿಗೆಗಳನ್ನು ಮಾಡಿದರು: ಮುಂದೆ 6 ಮಿಲಿಮೀಟರ್ ಪ್ಲೈವುಡ್, ಹಿಂದೆ 18 ಸೆಂಟಿಮೀಟರ್ ಗಾಳಿ, ಒಳಗೆ ಹಲಗೆಗೆ ತಾಗದಂತೆ ರಾಕ್‌ವೂಲ್. ಆ ಹಲಗೆ 70ರ ಆಸುಪಾಸಿನಲ್ಲಿ ತಾನೇ ಕಂಪಿಸಿ ಆ ಸ್ವರದ ಶಕ್ತಿಯನ್ನು ಕುಡಿದುಬಿಡಬೇಕು. ಭಾಯಿ ಪ್ರತಿ ಪೆಟ್ಟಿಗೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಒಂದೇ ತೆರನಾಗಿ ನುಡಿಯದವನ್ನು ಬದಿಗಿಟ್ಟು ಅಂಚು ಬಿಚ್ಚಿ ಮತ್ತೆ ಕೂಡಿಸಿದರು. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್‌ನಿಂದ ಪ್ಲೈವುಡ್ ತರುವಾಗಲೂ ಒಂದೊಂದೇ ಹಾಳೆ ತಟ್ಟಿಯೇ ಆರಿಸಿದ್ದರು. ಅಂಗಡಿಯವರು ಬೇಸರಿಸದೆ ಇಡೀ ಕಟ್ಟು ಇಳಿಸಿ ಕೊಟ್ಟರು, ಅವರಿಗೂ ನಮಸ್ಕಾರ.

ಗಣೇಶೋತ್ಸವಕ್ಕೆ ಮುಂಚೆ ಮುಠಾ ನದಿಯ ದಡದಲ್ಲಿ ಢೋಲ್ ತಾಶಾ ಪಥಕಗಳ (ವಾದ್ಯ ತಂಡಗಳ) ತಾಲೀಮು ನಡೆಯುತ್ತದೆ. ತಗ್ಗು ಧ್ವನಿಯನ್ನು ತಡೆಯುವುದೇ ಎಲ್ಲಕ್ಕಿಂತ ಕಷ್ಟ, ಢೋಲಿಗಿಂತ ಕಠಿಣ ಪರೀಕ್ಷೆ ಇನ್ನೇನಿದೆ ಎಂದು ಒಂದು ಪಥಕದ ಹುಡುಗ ಹುಡುಗಿಯರನ್ನು ಕೇಳಿಕೊಂಡೆವು. ತಾಲೀಮು ಮುಗಿಸಿ ದಣಿದಿದ್ದವರು ಢೋಲುಗಳನ್ನು ಸೊಂಟಕ್ಕೆ ಬಿಗಿದುಕೊಂಡೇ ನಮ್ಮ ಓಣಿಗೆ ಬಂದರು. ಬಾಗಿಲ ಮುಂದೆ ಅವರು ಬಾರಿಸುತ್ತಿದ್ದಾಗ ನಾನೂ ಗೆಳತಿಯೂ ಒಳಗೆ ಮಾಪಕ ಹಿಡಿದು ಕುಳಿತಿದ್ದೆವು. ಹೊರಗೆ ಮುಳ್ಳು ನೂರು ಡೆಸಿಬಲ್ ದಾಟಿತ್ತಂತೆ. ಒಳಗೆ ನಮಗೆ ನಮ್ಮ ಉಸಿರೇ ಅದಕ್ಕಿಂತ ಸ್ಪಷ್ಟವಾಗಿ ಕೇಳುತ್ತಿತ್ತು. ಆ ಮಕ್ಕಳು ಕಾಸು ಮುಟ್ಟಲಿಲ್ಲ, ವಡಾಪಾವ್ ಮಾತ್ರ ತಿಂದರು.

ಕೊನೆಗೆ ಗುರುಗಳು. ಈ ಸಂಪುಟದಲ್ಲಿ ಎರಡು ತಂಬೂರಿಗಳನ್ನು ಕೇಳುಗರ ಹಿಂದೆ ಎಡಕ್ಕೂ ಬಲಕ್ಕೂ ಇಟ್ಟಿದ್ದೇನೆ, ಹಾಡುಗಾರರಿಗೆ ವೇದಿಕೆಯ ಮೇಲೆ ಅವು ಕೇಳುವುದೇ ಹಾಗೆ. ಸಭಾಂಗಣದ ಅನುರಣನವಷ್ಟೇ ಮೇಲಿನ ಸ್ಪೀಕರ್‌ಗಳಲ್ಲಿದೆ. ತಬಲಾವನ್ನು ಮುಂದೆಯೇ ಬಿಟ್ಟಿದ್ದೇನೆ. ತಂತ್ರಜ್ಞಾನ ಕೈಯಲ್ಲಿದೆ ಎಂದು ಅದನ್ನು ತಲೆಯ ಸುತ್ತ ಹಾರಾಡಿಸುವುದು ಸಂಗೀತಕ್ಕೆ ಮಾಡುವ ಅಪಚಾರ ಎಂದೇ ನನ್ನ ನಂಬಿಕೆ. ಅಟ್ಮಾಸ್ ಸಂಗೀತದಲ್ಲಿ ಧ್ವನಿಯ ಸರಾಸರಿ ಗಟ್ಟಿತನ −18 ಎಲ್‌ಕೆಎಫ್‌ಎಸ್ (ಗಟ್ಟಿತನ ಅಳೆಯುವ ಮಾನ) ಮೀರುವಂತಿಲ್ಲ. ಖಯಾಲಿಗೆ ಇದು ವರ, ಮೊದಲ ಆಲಾಪ ಇರಬೇಕಾದಷ್ಟು ಮೆಲ್ಲಗೆ ಇರಬಹುದು. ಗುರುಗಳು ಬಂದು ಕುಳಿತು, ತಂಬೂರಿಗಳನ್ನಷ್ಟೇ ಕೇಳಿಸು ಎಂದರು. ಕಣ್ಣು ಮುಚ್ಚಿ ಕೇಳಿ, “ಎಡಗಡೆಯದರ ಪಂಚಮ ಎಳೆಯಷ್ಟು ಇಳಿದಿದೆಯಲ್ಲವೇನವ್ವಾ?” ಎಂದರು. ಧ್ವನಿಮುದ್ರಣವಾದ ದಿನದಿಂದ ಅದು ಹಾಗೆಯೇ ಇತ್ತು. ಬೇರೆ ಯಾವ ಕೋಣೆಯಲ್ಲೂ ನಮ್ಮಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಈ ಕೋಣೆಯ ಬಗ್ಗೆ ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ನನಗೆ ಬೇಡ.

ಬರುವ ರವಿವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಸ್ಟುಡಿಯೋ ನಿಮಗಾಗಿ ತೆರೆದಿರುತ್ತದೆ. ಒಂದು ಗಂಟೆಗೆ ಮುಗಿಸುತ್ತೇವೆ, ಆಜೀ ಮಲಗುವ ಹೊತ್ತು. ಗೌಂಡಿ ಕಾಕಾ, ಭಾಯಿ, ವೆಲ್ಡರ್, ವಿದ್ಯುತ್ ಅಣ್ಣಂದಿರು, ವಾಡೆಯ ಮಕ್ಕಳು, ಪಥಕದವರು ಎಲ್ಲರೂ ಮನೆಯವರನ್ನು ಕರೆದುಕೊಂಡು ಬನ್ನಿ. ಒಳಗೆ ಒಮ್ಮೆಗೆ ಆರು ಜನ ಕೂರಬಹುದು, ನಡುವಿನ ಕುರ್ಚಿ ಸರದಿಯ ಪ್ರಕಾರ ಎಲ್ಲರಿಗೂ ಸಿಗುತ್ತದೆ. ಉಳಿದವರಿಗೆ ಹೊರಗೆ ಉಪ್ಪಿಟ್ಟು, ಚಹಾ ಇರುತ್ತದೆ. ವಾಹನಗಳನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸಿ.