ಅಮ್ಮ ಫೋನ್ ಮಾಡುವ ದೃಶ್ಯದಿಂದ ಶುರು ಮಾಡು

ಪ್ರೀತಿಯ ತಮ್ಮನಿಗೆ,

ನೀನು ಕಳಿಸಿದ ಬರಹ ಓದಿದೆ. 1971ರ 'ಹೆರಾಲ್ಡ್ ಅಂಡ್ ಮಾಡ್' ಸಿನಿಮಾವನ್ನು ಹುಡುಕಿಕೊಂಡು ಹೋಗಿ ಎರಡೆರಡು ಸಲ ನೋಡಿದ್ದೀಯಲ್ಲ, ಅದಕ್ಕೆ ಮೊದಲು ಶಭಾಷ್. ಭಾಷೆ ಚೆನ್ನಾಗಿದೆ, ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ನೀನು ಕೇಳಿದ್ದು ಹೊಗಳಿಕೆ ಅಲ್ಲ, ಎಲ್ಲಿ ಸರಿಯಾಗಿಲ್ಲ ಹೇಳಿ ಅಂತ. ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಬರಹದ ಅರ್ಧಕ್ಕಿಂತ ಜಾಸ್ತಿ ಭಾಗದಲ್ಲಿ ಇರುವುದು ಒಂದೇ ಮಾತು: ಮಾಡ್ ನಮಗೆ ಬದುಕುವುದನ್ನು ಕಲಿಸುತ್ತಾಳೆ. ಅದನ್ನೇ ಸುತ್ತಿ ಬಳಸಿ ನಾಲ್ಕೈದು ಪ್ಯಾರಾ ಹೇಳಿದ್ದೀಯ. ಸಿನಿಮಾ ನೋಡದೇ ಇರುವವರು ಇದನ್ನು ಓದಿದರೆ ಯಾವುದೋ ಸ್ವಾಮೀಜಿಯ ಪ್ರವಚನ ಅಂದುಕೊಳ್ಳುತ್ತಾರೆ. ಹೆಣ ಸಾಗಿಸುವ ಕಾರನ್ನು ಕೊಂಡು ಓಡಾಡುವ ಇಪ್ಪತ್ತರ ಆಸುಪಾಸಿನ ಹುಡುಗ ಹೆರಾಲ್ಡ್, ಗುರುತುಪರಿಚಯವಿಲ್ಲದವರ ಸಾವಿನ ಪ್ರಾರ್ಥನೆಗೆ ಹೋಗಿ ಕೂತು ಬರುವಾಗ ಪಾದ್ರಿಯ ಕಾರನ್ನೇ ಎಗರಿಸಿಕೊಂಡು ಬರುವ ಎಪ್ಪತ್ತೊಂಬತ್ತರ ಮುದುಕಿ ಮಾಡ್, ಯಂತ್ರದ ತೋಳಿನಲ್ಲಿ ಸೆಲ್ಯೂಟ್ ಹೊಡೆಯುವ ಮಿಲಿಟರಿ ಮಾವ, ಇವರೆಲ್ಲ ನಿನ್ನ ಬರಹದಲ್ಲಿ ಎಲ್ಲಿ ಹೋದರು?

ನನ್ನ ಕೇಳಿದರೆ ಆ ಅಮ್ಮ ಫೋನ್ ಮಾಡುವ ದೃಶ್ಯದಿಂದ ಶುರು ಮಾಡು. ಸಿನಿಮಾ ಶುರುವಾಗುವುದು ಮೆಟ್ಟಿಲಿಳಿಯುವ ಒಂದು ಜೊತೆ ಬೂಟಿನಿಂದ, ನೆನಪಿದೆಯಲ್ವಾ? ಕ್ಯಾಮೆರಾ ಅದರ ಹಿಂದೆಯೇ ಹೋಗುತ್ತದೆ. ರೆಕಾರ್ಡ್ ಹಾಕುವ ಕೈ, ಮೇಣದಬತ್ತಿ ಹಚ್ಚುವ ಕೈ. ಹೆಸರುಗಳು ಬರುತ್ತಿರುತ್ತವೆ, ಕ್ಯಾಟ್ ಸ್ಟೀವನ್ಸ್ ಹಾಡುತ್ತಿರುತ್ತಾನೆ, ಹುಡುಗನ ಮುಖ ತುಂಬಾ ಹೊತ್ತು ನಮಗೆ ಸರಿಯಾಗಿ ಕಾಣಿಸುವುದೇ ಇಲ್ಲ. ಆಮೇಲೆ ನೇಣು, ಸುಳ್ಳು ನೇಣು. ಅಮ್ಮ ಒಳಗೆ ಬರುತ್ತಾಳೆ, ನೇತಾಡುತ್ತಿರುವ ಮಗನನ್ನು ನೋಡುತ್ತಾಳೆ, ಕೂತು ಫೋನ್ ಎತ್ತಿ ತನ್ನ ಒಂದು ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿಸುತ್ತಾಳೆ. ಮಗ ಗೊರಗೊರ ಸದ್ದು ಮಾಡುತ್ತಾನೆ. ಇದೆಲ್ಲ ಬಹಳ ತಮಾಷೆ ಅಂದುಕೊಂಡಿದ್ದೀಯೇನೋ ಅಂತ ಅವನಿಗೆ ಒಂದು ಮಾತು ಅಂದು, ಊಟ ಎಂಟು ಗಂಟೆಗೆ, ಸ್ವಲ್ಪ ಲವಲವಿಕೆಯಿಂದ ಇರು ಅಂತ ಹೇಳಿ ಹೊರಟುಹೋಗುತ್ತಾಳೆ.

ಇಷ್ಟರಲ್ಲೇ ಆ ಮನೆ ಹೇಗಿದೆ ಅಂತ ಗೊತ್ತಾಯಿತು. ಹಣ ಇದೆ, ಊಟಕ್ಕೆ ಟೈಮ್ ಇದೆ, ಮಗನನ್ನು ನೋಡುವವರು ಯಾರೂ ಇಲ್ಲ. ಅಮ್ಮನ ಪಾತ್ರ ಮಾಡಿದ ವಿವಿಯನ್ ಪಿಕಲ್ಸ್ ನಗಿಸುತ್ತಿದ್ದೇನೆ ಅಂತ ಒಂದು ಸಲವೂ ಸುಳಿವು ಕೊಡುವುದಿಲ್ಲ. ಅವಳ ಮಟ್ಟಿಗೆ ಅದು ಸೀರಿಯಸ್ ಸಿನಿಮಾ, ತರಲೆ ಮಗನನ್ನು ಸಾಕುತ್ತಿರುವ ತಾಯಿಯ ಕಷ್ಟದ ಕಥೆ. ನಗುವುದು ನಮ್ಮ ಕೆಲಸ. ನೀನು ಇದೇ ಧಾಟಿಯಲ್ಲಿ ಒಂದು ಕಥೆ ಬರೆಯುತ್ತಿದ್ದೇನೆ ಅಂದಿದ್ದೀಯ. ಅದರಲ್ಲಿ ಪಾತ್ರಗಳೇ ಮೊದಲು ನಕ್ಕುಬಿಟ್ಟರೆ ಓದುವವನು ನಗುವುದಿಲ್ಲ, ಇಷ್ಟು ಗಮನದಲ್ಲಿರಲಿ.

ಇನ್ನೊಂದು ದೃಶ್ಯ ನೀನು ಪೂರ್ತಿ ಬಿಟ್ಟಿದ್ದೀಯ. ಮಗನಿಗೆ ಹೆಣ್ಣು ಹುಡುಕಲು ಕಂಪ್ಯೂಟರ್ ಡೇಟಿಂಗ್ ಸಂಸ್ಥೆಯ ಫಾರಂ ತುಂಬುವ ದೃಶ್ಯ. ಅಮ್ಮ ಒಂದೊಂದೇ ಪ್ರಶ್ನೆ ಜೋರಾಗಿ ಓದುತ್ತಾಳೆ, ಮಗನನ್ನು ಕೇಳಿದ ಹಾಗೆ ಮಾಡಿ ಉತ್ತರವನ್ನು ತಾನೇ ಬರೆದುಕೊಳ್ಳುತ್ತಾಳೆ. ಬರಬರುತ್ತಾ ಅದು ಪೂರ್ತಿ ಅವಳದೇ ಫಾರಂ ಆಗಿಬಿಡುತ್ತದೆ. ಎದುರಿಗೆ ಮಗ ಆರಾಮಾಗಿ ಪಿಸ್ತೂಲಿಗೆ ಗುಂಡು ತುಂಬುತ್ತಿರುತ್ತಾನೆ, ಅದನ್ನು ಒಮ್ಮೆ ಅವಳ ಕಡೆಗೂ ತಿರುಗಿಸುತ್ತಾನೆ. ಅವಳು ತಲೆ ಎತ್ತಿ ನೋಡಿದರೆ ತಾನೆ! ಇಲ್ಲಿ ಯಾರೂ ಯಾರಿಗೂ 'ನೀನು ನನ್ನ ಮಾತು ಕೇಳಿಸಿಕೊಳ್ಳುವುದಿಲ್ಲ' ಅಂತ ಹೇಳುವುದಿಲ್ಲ. ನೀನಾಗಿದ್ದರೆ ಹೇಳಿಸುತ್ತಿದ್ದೆ, ಅಲ್ವಾ? ನಿನ್ನ ಹಳೆಯ ಕಥೆಗಳಲ್ಲಿ ಪಾತ್ರಗಳು ತಮ್ಮ ದುಃಖವನ್ನು ವಿವರವಾಗಿ ಹೇಳಿಕೊಳ್ಳುತ್ತವೆ.

ಸಂಭಾಷಣೆ ಬೇಕೇ ಬೇಕು ಅಂದರೆ ಮನೋವೈದ್ಯನ ಹತ್ತಿರ ಆಡುವ ಮಾತು ನೋಡು. ಇಂಥ ನಾಟಕ ಎಷ್ಟು ಸಲ ಆಡಿದ್ದೀಯ ಅಂತ ಅವನು ಕೇಳುತ್ತಾನೆ, ಅಂದಾಜು ಹದಿನೈದು ಅಂತಾನೆ ಹುಡುಗ. ಇದೆಲ್ಲ ನಿನ್ನ ಅಮ್ಮನ ಒಳ್ಳೆಯದಕ್ಕಾ ಅಂದರೆ, ಒಳ್ಳೆಯದಕ್ಕೆ ಅಂತ ಹೇಳಲಾರೆ ಅಂತಾನೆ. ಅಷ್ಟೇ. ದೃಶ್ಯದ ಜೀವ ಆ ಒಂದು ಮಾತಿನಲ್ಲಿದೆ.

ಈ ಚಿತ್ರಕಥೆ ಬರೆದವನು ನಿನ್ನಂಥ ಒಬ್ಬ ಹುಡುಗನೇ. ಕಾಲಿನ್ ಹಿಗ್ಗಿನ್ಸ್. ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದುತ್ತಿದ್ದಾಗ ಬರೆದದ್ದು. ಆಗ ಅವನು ಒಬ್ಬ ನಿರ್ಮಾಪಕರ ಮನೆಯಲ್ಲಿ ಈಜುಕೊಳ ತೊಳೆಯುವ ಕೆಲಸ ಮಾಡಿಕೊಂಡಿದ್ದ, ಸ್ಕ್ರಿಪ್ಟನ್ನು ಆ ಮನೆಯೊಡತಿಗೆ ತೋರಿಸಿದ, ಅಲ್ಲಿಂದ ಅದು ಪ್ಯಾರಾಮೌಂಟ್ ಸ್ಟುಡಿಯೋ ತನಕ ಹೋಯಿತು. ತಾನೇ ನಿರ್ದೇಶಿಸಬೇಕು ಅಂತ ಅವನಿಗೆ ಆಸೆ ಇತ್ತು, ಸ್ಟುಡಿಯೋ ಒಪ್ಪಲಿಲ್ಲ. ಹಾಲ್ ಆಶ್‌ಬಿಗೆ ಕೊಟ್ಟರು. ಆಶ್‌ಬಿ ಅದಕ್ಕೆ ಮೊದಲು ಎಡಿಟರ್, ಎಡಿಟಿಂಗಿಗೆ ಆಸ್ಕರ್ ಗೆದ್ದವನು. ಹುಡುಗನ ಸ್ಕ್ರಿಪ್ಟಿಗೆ ಒಬ್ಬ ಎಡಿಟರ್ ಸಿಕ್ಕಿದ್ದು ದೊಡ್ಡ ಪುಣ್ಯ ಅಂತ ನನಗೆ ಅನ್ನಿಸುತ್ತದೆ. ಎಲ್ಲಿ ಮಾತು ನಿಲ್ಲಿಸಿ ಮುಂದಿನ ಚಿತ್ರಕ್ಕೆ ಹಾರಬೇಕು ಅನ್ನುವುದು ಅವನ ಕೈಗೆ ಗೊತ್ತಿತ್ತು.

ಅದಕ್ಕೆ ಉದಾಹರಣೆ ಆ ಹೂವಿನ ದೃಶ್ಯ. ನೀನು ಮಾಡ್ ಹೇಳುವ ಮಾತನ್ನು ಪೂರ್ತಿ ಬರೆದುಕೊಂಡಿದ್ದೀಯ. ಹೂಗಳು ಎಲ್ಲಾ ಒಂದೇ ಥರ ಅಂತ ಹುಡುಗ ಅಂದರೆ ಇಲ್ಲ, ಒಂದೊಂದೂ ಬೇರೆ ಅಂತಾಳೆ, ಬೇರೆಯಾಗಿದ್ದೂ ಎಲ್ಲರಂತೆ ತಮ್ಮನ್ನು ನಡೆಸಿಕೊಳ್ಳಲು ಜನ ಬಿಡುತ್ತಾರಲ್ಲ ಅಂತ ನೊಂದುಕೊಳ್ಳುತ್ತಾಳೆ. ಸರಿ. ಮಾತು ಮುಗಿದ ಮೇಲೆ ಏನು ಬರುತ್ತದೆ? ಸ್ಮಶಾನ. ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸ್ಯಾನ್ ಬ್ರುನೊದಲ್ಲಿರುವ ಸೈನಿಕರ ಸ್ಮಶಾನ. ಕಣ್ಣು ಹಾಯುವ ತನಕ ಒಂದೇ ಅಳತೆಯ ಬಿಳಿ ಕಲ್ಲುಗಳು, ಅದರ ನಡುವೆ ಚುಕ್ಕಿಯಂತೆ ಇವರಿಬ್ಬರು. 1971ರಲ್ಲಿ ವಿಯೆಟ್ನಾಂ ಯುದ್ಧ ಇನ್ನೂ ನಡೆಯುತ್ತಿತ್ತು, ಸಿನಿಮಾದಲ್ಲಿ ಆ ಮಿಲಿಟರಿ ಮಾವ ಹುಡುಗನನ್ನು ಸೈನ್ಯಕ್ಕೆ ಸೇರಿಸಬೇಕು ಅಂತ ಹಠ ಹಿಡಿದಿರುತ್ತಾನೆ. ಮಾಡ್‌ಳ ಮಾತು ಅಲ್ಲಿ ಬರೀ ಹೂವಿನ ಬಗ್ಗೆ ಅಲ್ಲ ಅಂತ ತಿಳಿಯುವುದು ಆ ಕಲ್ಲುಗಳಿಂದ. ನೀನು ಮಾತನ್ನು ಎತ್ತಿಕೊಂಡು ಕಲ್ಲುಗಳನ್ನು ಅಲ್ಲೇ ಬಿಟ್ಟು ಬಂದಿದ್ದೀಯ.

ನಿಜ ಹೇಳಬೇಕೆಂದರೆ ಮಾಡ್‌ಳ ಆ ಉಪದೇಶದ ಮಾತುಗಳೇ ಈ ಸಿನಿಮಾದಲ್ಲಿ ನನಗೆ ಅತಿ ಕಡಿಮೆ ಇಷ್ಟ. ಎಲ್ಲರೂ ಎತ್ತಿ ಹೇಳುವುದು ಅವನ್ನೇ, ಪೋಸ್ಟರ್ ಮಾಡಿಕೊಳ್ಳುವುದೂ ಅವನ್ನೇ. ರೂತ್ ಗಾರ್ಡನ್ ಬದಲು ಬೇರೆ ಯಾರೋ ಆ ಪಾತ್ರ ಮಾಡಿದ್ದರೆ ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಿದ್ದೆನೇನೋ. ಆಕೆಯ ದನಿಯಲ್ಲಿ ಒಂದು ಕಿಡಿಗೇಡಿತನ ಇದೆ, ಉಪದೇಶ ಮಾಡುವಾಗಲೂ ಕಣ್ಣು ಬೇರೆಯವರ ಕಾರಿನ ಬೀಗದ ಮೇಲಿರುತ್ತದೆ.

ಈಗ ನಾನು ಈ ಪತ್ರ ಬರೆಯಲು ಮುಖ್ಯ ಕಾರಣಕ್ಕೆ ಬರುತ್ತೇನೆ. ಎರಡು ದೃಶ್ಯ.

ಮೊದಲನೆಯದು ಮಾಡ್‌ಳ ಮನೆಯಲ್ಲಿ, ಆ ಹಳೆಯ ರೈಲು ಬೋಗಿಯಲ್ಲಿ. ಈ ಸಾಯುವ ಆಟ ಯಾಕೆ ಶುರುವಾಯಿತು ಅಂತ ಹುಡುಗ ಹೇಳುತ್ತಾನೆ. ಸ್ಕೂಲಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಏನೋ ಸ್ಫೋಟ ಆಗುತ್ತದೆ, ಅವನು ತಪ್ಪಿಸಿಕೊಂಡು ಮನೆಗೆ ಬಂದಿರುತ್ತಾನೆ, ಅವನು ಸತ್ತ ಅಂದುಕೊಂಡು ಪೊಲೀಸರು ಅಮ್ಮನಿಗೆ ಸುದ್ದಿ ಹೇಳಲು ಬರುತ್ತಾರೆ. ಮೇಲಿನಿಂದ ಕದ್ದು ನೋಡುತ್ತಾನೆ. ಅಮ್ಮ ಹಣೆಗೆ ಕೈ ಇಟ್ಟು ನಾಟಕದ ನಾಯಕಿಯ ಹಾಗೆ ಪೊಲೀಸರ ತೋಳಿಗೆ ಕುಸಿಯುತ್ತಾಳೆ. ಸತ್ತರೆ ಚೆನ್ನಾಗಿರುತ್ತದೆ ಅಂತ ಆಗ ಅನ್ನಿಸಿತು ಅಂತಾನೆ, ಹೇಳುತ್ತಾ ಹೇಳುತ್ತಾ ಅಳುತ್ತಾನೆ. ಇದಕ್ಕೆ ಫ್ಲ್ಯಾಶ್‌ಬ್ಯಾಕ್ ಹಾಕಬಹುದಿತ್ತು. ಸ್ಫೋಟ, ಹೊಗೆ, ಪೊಲೀಸ್ ಕಾರು, ಎಲ್ಲಾ ತೋರಿಸಬಹುದಿತ್ತು. ಆಶ್‌ಬಿ ಏನೂ ತೋರಿಸುವುದಿಲ್ಲ. ಹುಡುಗನ ಪಾತ್ರ ಮಾಡಿದ ಬಡ್ ಕೋರ್ಟ್‌ನ ಮುಖ ಮಾತ್ರ. ಅಲ್ಲಿಯವರೆಗೆ ನಾವು ನಕ್ಕ ಒಂದೊಂದು ನಗುವೂ ಹಿಂದಕ್ಕೆ ಹೋಗಿ ಬಣ್ಣ ಬದಲಿಸಿಕೊಳ್ಳುತ್ತದೆ. ಇದನ್ನು ಮೊದಲ ಹತ್ತು ನಿಮಿಷದಲ್ಲೇ ಹೇಳಿಬಿಟ್ಟಿದ್ದರೆ ನಾವು ಅವನಿಗೆ ಅಯ್ಯೋ ಪಾಪ ಅನ್ನುತ್ತಿದ್ದೆವು, ನಗುತ್ತಿರಲಿಲ್ಲ. ಕಾರಣವನ್ನು ಎಷ್ಟು ಹೊತ್ತು ತಡೆದು ಇಟ್ಟುಕೊಳ್ಳಬೇಕು ಅನ್ನುವುದನ್ನು ಇಲ್ಲಿ ಕೂತು ಕಲಿ.

ಎರಡನೆಯದನ್ನು ನೀನು ಗಮನಿಸಿಲ್ಲ ಅಂತ ಕಾಣುತ್ತದೆ. ಗಮನಿಸಿದ್ದರೆ ಬರೆಯದೆ ಇರುತ್ತಿರಲಿಲ್ಲ. ಸಂಜೆ, ನೀರಿನ ಹತ್ತಿರ ಇಬ್ಬರೂ ಕೂತಿರುತ್ತಾರೆ. ಹುಡುಗ ಅವಳ ಕೈ ಹಿಡಿದುಕೊಳ್ಳುತ್ತಾನೆ. ಅವಳ ಮುಂಗೈ ಮೇಲೆ ಹಚ್ಚೆ ಹಾಕಿದ ಒಂದು ನಂಬರ್. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ನಾಜಿಗಳ ಆಶ್‌ವಿಟ್ಸ್ ಶಿಬಿರದಲ್ಲಿ ಕೈದಿಗಳಿಗೆ ಹಾಕುತ್ತಿದ್ದ ನಂಬರ್ ಅದು. ಹುಡುಗ ಏನೂ ಕೇಳುವುದಿಲ್ಲ, ಅವಳು ಏನೂ ಹೇಳುವುದಿಲ್ಲ, ಸಿನಿಮಾ ಮುಗಿಯುವ ತನಕ ಅದರ ಮಾತೇ ಮತ್ತೆ ಬರುವುದಿಲ್ಲ. ಅವಳು ಮಾತಾಡುವುದು ಹಕ್ಕಿಗಳ ಬಗ್ಗೆ. ಡ್ರೈಫಸ್ ಡೆವಿಲ್ಸ್ ಐಲ್ಯಾಂಡಿನಲ್ಲಿ ಕೈದಿಯಾಗಿದ್ದಾಗ ಅದ್ಭುತ ಹಕ್ಕಿಗಳನ್ನು ಕಂಡನಂತೆ, ಎಷ್ಟೋ ವರ್ಷದ ಮೇಲೆ ಅವು ಬರೀ ಕಡಲಕಾಗೆ ಅಂತ ಗೊತ್ತಾಯಿತಂತೆ, ನನಗೆ ಮಾತ್ರ ಅವು ಯಾವತ್ತೂ ಅದ್ಭುತ ಹಕ್ಕಿಗಳೇ ಅಂತಾಳೆ. ಆ ಡ್ರೈಫಸ್ ಯಾರು? ಫ್ರೆಂಚ್ ಸೈನ್ಯದ ಯಹೂದಿ ಅಧಿಕಾರಿ, 1894ರಲ್ಲಿ ಮಾಡದ ದ್ರೋಹಕ್ಕೆ ಶಿಕ್ಷೆಗೆ ಗುರಿಯಾದವನು. ಮೊದಲು ಎಲ್ಲೋ ವಿಯೆನ್ನಾ ಅಂದಿರುತ್ತಾಳೆ, ಗಂಡನ ಹೆಸರು ಬಂದಾಗ ದನಿ ತಡವರಿಸಿರುತ್ತದೆ, ಪೊಲೀಸರು ಎಳೆದುಕೊಂಡು ಹೋಗುತ್ತಿದ್ದ ಕಾಲದ ಒಂದು ಕೊಡೆಯ ಕಥೆ ಹೇಳಿರುತ್ತಾಳೆ. ಎಲ್ಲವನ್ನೂ ಸೇರಿಸಿಕೊಳ್ಳುವುದು ನಮಗೆ ಬಿಟ್ಟದ್ದು.

ನೀನು ಬರೆದ 'ಸದಾ ಸಂತೋಷವಾಗಿರುವ ಅಜ್ಜಿ' ಇವಳಲ್ಲ ಕಣಪ್ಪ. ಇವಳು ಬೇರೆಯೇ ಲೆಕ್ಕ. ಸುಮ್ನೆ ಇನ್ನೊಂದು ಸಲ ಆ ದೃಶ್ಯ ಹಾಕಿ ನೋಡು.

ಬಿಡುಗಡೆಯಾದಾಗ ಏನಾಯಿತು ಅಂತ ಎರಡು ಸಾಲು ಬರೆದರೆ ಸಾಕು. 1971ರ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಬಂತು, ಮಕಾಡೆ ಮಲಗಿತು. ಬೆಂಕಿ ಬಿದ್ದ ಅನಾಥಾಲಯದಲ್ಲಿ ಎಷ್ಟು ಮಜಾ ಇರುತ್ತದೋ ಇದರಲ್ಲೂ ಅಷ್ಟೇ ಅಂತ 'ವೆರೈಟಿ' ಪತ್ರಿಕೆ ಬರೆಯಿತು. (ಕ್ರೂರವಾಗಿದೆ, ಆದರೆ ಚೆನ್ನಾಗಿದೆ, ಒಪ್ಪಲೇಬೇಕು.) ಆಮೇಲೆ ಕಾಲೇಜು ಊರುಗಳಲ್ಲಿ, ಚಿಕ್ಕ ಚಿಕ್ಕ ಥಿಯೇಟರುಗಳಲ್ಲಿ ನಿಧಾನವಾಗಿ ಹಿಡಿದುಕೊಂಡಿತು. ಮಿನೆಸೋಟದ ಎಡೈನಾದ ವೆಸ್ಟ್‌ಗೇಟ್ ಥಿಯೇಟರಿನಲ್ಲಿ ಎರಡು ವರ್ಷಕ್ಕೂ ಮೀರಿ ಓಡಿತು, ಇನ್ನು ಸಾಕು, ಬೇರೆ ಸಿನಿಮಾ ಹಾಕಿ ಅಂತ ಅಕ್ಕಪಕ್ಕದವರು ಫಲಕ ಹಿಡಿದು ನಿಂತರಂತೆ. ಇದನ್ನು ಖಂಡಿತ ಹಾಕು. 1997ರಲ್ಲಿ ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೆ, ಅಂದರೆ ಕಾಪಾಡಿ ಇಡಬೇಕಾದ ಸಿನಿಮಾಗಳ ಪಟ್ಟಿಗೆ ಸೇರಿತು.

ಹೆರಾಲ್ಡ್ ಮಾಡ್‌ಳನ್ನೇ ಮದುವೆಯಾಗಲು ಹೊರಡುತ್ತಾನಲ್ಲ, ಆ ವಯಸ್ಸಿನ ಅಂತರದ ವಿಷಯಕ್ಕೆ ನೀನು ತುಂಬಾ ಮೆತ್ತಗೆ ಕಾಲಿಟ್ಟಿದ್ದೀಯ, 'ಪ್ರೀತಿಗೆ ವಯಸ್ಸಿಲ್ಲ' ಅಂತ ಹೇಳಿ ಜಾರಿಕೊಂಡಿದ್ದೀಯ. ಜಾರಿಕೊಳ್ಳಬೇಡ. ನಮ್ಮ ಸಿನಿಮಾಗಳಲ್ಲಿ ಐವತ್ತು ದಾಟಿದ ಹೀರೋ ಇಪ್ಪತ್ತೆರಡರ ಹುಡುಗಿ ಜೊತೆ ಮಳೆಯಲ್ಲಿ ಕುಣಿದರೆ ಯಾರೂ ಸೀಟಿನಲ್ಲಿ ಮಿಸುಕಾಡುವುದಿಲ್ಲ. ಇಲ್ಲಿ ಮಿಸುಕಾಡುತ್ತೇವೆ. ಆ ಮಿಸುಕಾಟ ಬೇಕು ಅಂತಲೇ ಸಿನಿಮಾ ಮಾಡಿದವರು ಮಾವ, ಮನೋವೈದ್ಯ, ಪಾದ್ರಿ ಮೂವರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ಕ್ಯಾಮೆರಾ ಎದುರು ಕೂರಿಸಿ ಈ ಮದುವೆ ಯಾಕೆ ಬೇಡ ಅಂತ ಹೇಳಿಸುತ್ತಾರೆ. ಹಿಂದೆ ಗೋಡೆ ಮೇಲೆ ಒಂದೊಂದು ಫೋಟೊ, ಮಾವನಿಗೆ ಆಗಿನ ಅಧ್ಯಕ್ಷ ನಿಕ್ಸನ್, ವೈದ್ಯನಿಗೆ ಮನೋವಿಜ್ಞಾನದ ಫ್ರಾಯ್ಡ್, ಪಾದ್ರಿಗೆ ಪೋಪ್. ನಮಗೆ ಹಿಡಿಸದೇ ಇದ್ದದ್ದನ್ನು ಅವರೇ ನಮ್ಮ ಪರವಾಗಿ ಹೇಳುತ್ತಾರೆ, ಹೇಳಿದ್ದನ್ನು ಕೇಳಿದರೆ ನಮಗೇ ನಾಚಿಕೆ ಆಗುತ್ತದೆ.

ಒಂದು ಜಗಳ ನನಗೂ ಈ ಸಿನಿಮಾದ ಜೊತೆ ಇದೆ. ಎಂಬತ್ತಕ್ಕೆ ಹೊರಡುವುದು ಅಂತ ಮಾಡ್ ಮೊದಲೇ ತೀರ್ಮಾನಿಸಿರುತ್ತಾಳೆ, ಹುಟ್ಟುಹಬ್ಬದ ರಾತ್ರಿ ಮಾತ್ರೆ ನುಂಗಿದ್ದೇನೆ ಅಂತ ನಗುತ್ತಲೇ ಹೇಳುತ್ತಾಳೆ. ಹುಡುಗನಿಗೆ ಏನಾಗಬಹುದು ಅಂತ ಅವಳು ಯೋಚಿಸಿದ ಹಾಗೆ ಕಾಣುವುದಿಲ್ಲ. ಅದನ್ನು ಸುಂದರ ತೀರ್ಮಾನ ಅಂತ ಒಪ್ಪಲು ನನ್ನಿಂದ ಆಗಿಲ್ಲ. ಸಿನಿಮಾವನ್ನು ಉಳಿಸುವುದು ಅದಾದ ಮೇಲಿನ ಆಸ್ಪತ್ರೆ. ಅಲ್ಲಿ ಸಾವು ಆಟ ಅಲ್ಲ. ಅಷ್ಟು ಸಲ ಸುಳ್ಳು ಸಾವು ಆಡಿದ ಹುಡುಗ ಕಾರಿಡಾರಿನಲ್ಲಿ ಕೂತು ಕಾಯುತ್ತಾನೆ, ಒಂದೇ ಒಂದು ಜೋಕ್ ಇಲ್ಲ. ನಿನ್ನ ಕಥೆಯಲ್ಲೂ ಆತ್ಮಹತ್ಯೆ ಬರುತ್ತದೆ ಅಂದೆಯಲ್ಲ, ಅದನ್ನು ಓದುವವರಲ್ಲಿ ಮನೆಯಲ್ಲಿ ಅಂಥದ್ದನ್ನು ಕಂಡವರು ಇದ್ದೇ ಇರುತ್ತಾರೆ. ಯಾರ ಬಗ್ಗೆ ನಗುತ್ತಿದ್ದೀಯ ಅಂತ ಗಟ್ಟಿ ಮಾಡಿಕೊಂಡು ಬರೆ. ಈ ಸಿನಿಮಾ ನಗುವುದು ನೋಡದೇ ಇರುವ ಅಮ್ಮನ ಬಗ್ಗೆ, ಸಾಯುವವರ ಬಗ್ಗೆ ಅಲ್ಲ.

ಕೊನೆಯ ದೃಶ್ಯವನ್ನು ವಿವರಿಸಬೇಡ. ಕಾರು, ಬಂಡೆ, ಬ್ಯಾಂಜೊ, ನೋಡಿದವರಿಗೆ ಗೊತ್ತು, ನೋಡದವರಿಗೆ ಯಾಕೆ ಹೇಳಬೇಕು? ಅಮ್ಮನಿಂದ ಶುರು ಮಾಡಿ ನಂಬರಿಗೆ ಬಂದು, ಅಲ್ಲಿಂದ ಆಸ್ಪತ್ರೆಗೆ ಹೋಗಿ ಮುಗಿಸು. ಎಂಟುನೂರು ಪದ ಸಾಕು. ಮುಂದಿನ ಭಾನುವಾರದ ಒಳಗೆ ಕಳಿಸಿದರೆ ನಿಧಾನವಾಗಿ ಓದುತ್ತೇನೆ, ಆಮೇಲೆ ಊರಿಗೆ ಹೋಗುವುದಿದೆ. ಕಥೆಯನ್ನೂ ಕಳಿಸು, ಅರ್ಧ ಆಗಿದ್ದರೂ ಪರವಾಗಿಲ್ಲ.

ನಿನ್ನ,
ಅಣ್ಣ