ತಲಪಾಡಿ ಗಡಿ ದಾಟಿದರೂ ಕೋವಿಯ ಕಾನೂನು ಒಂದೇ

ಮಾನ್ಯ ಸಂಪಾದಕರೇ,

ತೋಟಕ್ಕೆ ಕಾಡುಹಂದಿ ನುಗ್ಗಿದ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಮಾತು ಬರುತ್ತದೆ: ಕೇರಳದಲ್ಲಿ ಕೋವಿಗೆ ಇಷ್ಟು ಕಟ್ಟುಪಾಡಿಲ್ಲ, ಅಲ್ಲಿ ಹಂದಿಗೆ ಈಡು ಹೊಡೆಯಬಹುದು, ಕೊಡಗಿನಲ್ಲಂತೂ ಲೈಸನ್ಸೇ ಬೇಡ, ದಕ್ಷಿಣ ಕನ್ನಡ ಮತ್ತು ಉಡುಪಿಯವರಿಗೆ ಮಾತ್ರ ಈ ಕಷ್ಟ. ಮೂರು ಬೇರೆ ಬೇರೆ ಸಂಗತಿಗಳು ಇದರಲ್ಲಿ ಕಲಸಿಹೋಗಿವೆ. ಬಿಡಿಸಿ ನೋಡದೆ ಮನವಿ ಕೊಟ್ಟರೆ ಅದು ಅಧಿಕಾರವೇ ಇಲ್ಲದವರ ಮೇಜಿಗೆ ಹೋಗಿ ಅಲ್ಲೇ ಮಲಗುತ್ತದೆ.

ಮೊದಲನೆಯದಾಗಿ, ಕೋವಿಯ ಮಟ್ಟಿಗೆ ಕರ್ನಾಟಕದ ಕಾನೂನು, ಕೇರಳದ ಕಾನೂನು ಎಂಬುದಿಲ್ಲ. ಶಸ್ತ್ರಾಸ್ತ್ರ, ಮದ್ದುಗುಂಡು ಸಂವಿಧಾನದ ಕೇಂದ್ರ ಪಟ್ಟಿಯ 5ನೇ ನಮೂದು. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳು ಗಡಿಯಾಚೆ ಕೇರಳದ ಮಂಜೇಶ್ವರಕ್ಕೂ ಈಚೆ ನಮ್ಮ ಮೂಲ್ಕಿಗೂ ಒಂದೇ. ಪರವಾನಗಿ ಇಲ್ಲದ ಕೋವಿ ಇಟ್ಟುಕೊಂಡರೆ 2019ರ ತಿದ್ದುಪಡಿಯ ಬಳಿಕ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ಅದೂ ಎರಡೂ ಕಡೆ ಒಂದೇ. ಒಬ್ಬರ ಬಳಿ ಇರಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿದ್ದು, ಪರವಾನಗಿಯ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಿದ್ದು ಇದೇ ತಿದ್ದುಪಡಿ.

ಕೊಡಗಿನದು ಬೇರೆ ಲೆಕ್ಕ. ಅಲ್ಲಿನ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. ಈಗ ಅದು ಕಾಯ್ದೆಯ 41ನೇ ಕಲಮಿನಡಿ ಕೇಂದ್ರ ಸರಕಾರದ ಅಧಿಸೂಚನೆಯಾಗಿ 2029ರ ಅಕ್ಟೋಬರ್ 31ರವರೆಗೆ ಜಾರಿಯಲ್ಲಿದೆ. ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಕೊಡಗಿನ ಗಡಿಯಾದ ಸಂಪಾಜೆಯ ಈಚೆಗೆ ತೋಟ ಇದ್ದವರಿಗೆ ಅದರಿಂದ ಕಾಸಿನ ಪ್ರಯೋಜನವಿಲ್ಲ. ನಮಗೂ ಅದು ಬೇಕು ಎನ್ನುವವರು ದಿಲ್ಲಿಯ ಗೃಹ ಸಚಿವಾಲಯವನ್ನು ಕೇಳಬೇಕು, ಮಂಗಳೂರಿನ ಜಿಲ್ಲಾಧಿಕಾರಿಯನ್ನಲ್ಲ.

ಹಾಗಾದರೆ ಕೇರಳದಲ್ಲಿ ಬದಲಾದದ್ದೇನು? ಬದಲಾದದ್ದು ಕೋವಿಯ ನಿಯಮವಲ್ಲ, ಹಂದಿಯ ನಿಯಮ. ಅದೂ ಕಾನೂನೇ ಬದಲಾದದ್ದಲ್ಲ, ಅಪ್ಪಣೆ ಕೊಡುವ ಕೈ ಬದಲಾದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11(1)(ಬಿ) ಕಲಮಿನ ಪ್ರಕಾರ, ಎರಡನೇ ಅನುಸೂಚಿಯ (ರಕ್ಷಿತ ಪ್ರಾಣಿಗಳ ಪಟ್ಟಿಯ) ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾದರೆ ಕೊಲ್ಲಲು ಲಿಖಿತ ಅನುಮತಿ ಕೊಡಬಹುದು. ಕೊಡುವವರು ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟವರು. ಕೇರಳ 2022ರ ಮೇ ತಿಂಗಳಲ್ಲಿ ಪಂಚಾಯತ್ ಅಧ್ಯಕ್ಷರು, ನಗರಸಭೆ ಅಧ್ಯಕ್ಷರು ಮತ್ತು ಮೇಯರ್‌ಗಳನ್ನು ಗೌರವ ವನ್ಯಜೀವಿ ವಾರ್ಡನ್‌ಗಳನ್ನಾಗಿಸಿ ಕಾಡುಹಂದಿಯ ಮಟ್ಟಿಗೆ ಈ ಅಧಿಕಾರವನ್ನು ಅವರಿಗೆ ದಾಟಿಸಿತು. ಅಲ್ಲಿಯೂ ಪ್ರತಿಯೊಬ್ಬ ಕೃಷಿಕ ತನ್ನಿಷ್ಟಕ್ಕೆ ಈಡು ಹೊಡೆಯುವಂತಿಲ್ಲ. ಪರವಾನಗಿ ಕೋವಿ ಇರುವ, ಪಂಚಾಯತಿನ ಪಟ್ಟಿಯಲ್ಲಿರುವವರೇ ಹೊಡೆಯಬೇಕು. ವಿಷ, ಸಿಡಿಮದ್ದು, ಕರೆಂಟು ಇಡುವಂತಿಲ್ಲ. ಸತ್ತ ಹಂದಿಯನ್ನು ನಿಯಮದಂತೆ ಹೂಳಿ ಲೆಕ್ಕ ಬರೆದಿಡಬೇಕು. ಪಾಲು ಮಾಡಿ ಅಡುಗೆಮನೆಗೆ ಒಯ್ಯುವಂತಿಲ್ಲ. ಕಾಡುಹಂದಿಯನ್ನು ಪೀಡೆ ಪ್ರಾಣಿ ಎಂದು ಘೋಷಿಸಿ ಎಂಬ ಕೇರಳದ ಬೇಡಿಕೆಯನ್ನು ಕೇಂದ್ರ ಒಪ್ಪಲಿಲ್ಲ. ಅದಕ್ಕೇ ಅವರು ಈ ದಾರಿ ಹಿಡಿದದ್ದು.

ನಮ್ಮಲ್ಲಿ ಈ ಅಧಿಕಾರ ಅರಣ್ಯ ಇಲಾಖೆಯ ಒಳಗೇ ಇದೆ. ಆದ್ದರಿಂದ ಕೇರಳದ ಮಾದರಿ ಬೇಕೆನ್ನುವವರ ಬೇಡಿಕೆ ಬೆಂಗಳೂರಿನ ಅರಣ್ಯ ಸಚಿವರಿಗೆ ಹೋಗಬೇಕು. ಅದಕ್ಕೆ ಕಾನೂನು ತಿದ್ದಬೇಕಾಗಿಲ್ಲ, ಒಂದು ಆದೇಶ ಸಾಕು. ನಮ್ಮ ಜನಪ್ರತಿನಿಧಿಗಳು ಇದನ್ನು ಬಿಟ್ಟು ‘ಕೋವಿ ಕಾನೂನು ಸಡಿಲಿಸಿ’ ಎಂದೇ ಭಾಷಣ ಮಾಡುತ್ತಿರುವುದು ಯಾಕೆಂದು ಅರ್ಥವಾಗುವುದಿಲ್ಲ.

ಆದೇಶ ಬಂದರೂ ಅದು ಹಂದಿಗೆ ಮಾತ್ರ. 2022ರ ತಿದ್ದುಪಡಿಯ ಬಳಿಕ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೊಂಡ ಉದುರಿಸಿ ಹಾಳುಮಾಡುವ ನಮ್ಮ ಮಂಗ ಅದೇ ತಿದ್ದುಪಡಿಯಲ್ಲಿ ಇನ್ನೂ ಹೆಚ್ಚಿನ ರಕ್ಷಣೆಯ ಮೊದಲನೇ ಅನುಸೂಚಿಗೆ ಏರಿತು. ನವಿಲು, ಕಾಟಿ (ಕಾಡುಕೋಣ), ಆನೆ ಆ ತಿದ್ದುಪಡಿಗೂ ಮೊದಲೇ ಅಲ್ಲಿದ್ದವು. ಬೆಳೆ ರಕ್ಷಣೆಯ ಕೋವಿಗೆ ಪರವಾನಗಿ ಸಿಕ್ಕಿತೆಂದರೆ ಪ್ರಾಣಿ ಕೊಲ್ಲಲು ಪರವಾನಗಿ ಸಿಕ್ಕಿತೆಂದಲ್ಲ; ಇವು ಎರಡು ಕಾಯ್ದೆ, ಎರಡು ಅನುಮತಿ. ಕೋವಿಯ ಕಾಗದವೆಲ್ಲ ಸರಿಯಿದ್ದೂ ವನ್ಯಜೀವಿ ಪ್ರಕರಣದಲ್ಲಿ ಸಿಕ್ಕಿಬೀಳಲು ಒಂದೇ ಈಡು ಸಾಕು. ಏರ್‌ಗನ್ನಿನ ವಿಷಯದಲ್ಲೂ ಇದೇ ಭ್ರಮೆ ಇದೆ. 20 ಜೂಲ್ ಮೀರದ, 0.177 ಇಂಚಿನ ಏರ್‌ಗನ್ನಿಗೆ ಪರವಾನಗಿ ಬೇಡ ಎಂಬುದು ನಿಜ. ಅದರಿಂದ ಮಂಗನಿಗೆ ಗುರಿಯಿಟ್ಟರೆ ಅಪರಾಧ ಅಪರಾಧವೇ.

ಇನ್ನು ಪರವಾನಗಿಯ ಅರ್ಜಿ. ಇಲ್ಲಿ ನಮ್ಮ ಕೃಷಿಕರ ಬಹಳಷ್ಟು ಅರ್ಜಿಗಳು ಕಾನೂನಿನಿಂದಲ್ಲ, ಬರೆದ ರೀತಿಯಿಂದ ಬೀಳುತ್ತವೆ. ಅರ್ಜಿಯಲ್ಲಿ ಉದ್ದೇಶದ ಕಾಲಂ ಒಂದಿದೆ. ತೋಟ ಕಾಯಲು ಬೇಕಾದ ಕೋವಿಗೆ ‘ಆತ್ಮರಕ್ಷಣೆ’ ಎಂದು ಬರೆದು ರಿವಾಲ್ವರ್ ಕೇಳಿದರೆ ನಿಮ್ಮ ಜೀವಕ್ಕೆ ಏನು ಬೆದರಿಕೆ ಇದೆ ಎಂದು ಪೊಲೀಸರು ಕೇಳುತ್ತಾರೆ, ಉತ್ತರವಿರುವುದಿಲ್ಲ. ಕಾಯ್ದೆಯ 13(3) ಕಲಮನ್ನು ಓದಿ ನೋಡಬೇಕು. ನಿಜವಾದ ಬೆಳೆ ರಕ್ಷಣೆಗೆ ಕೇಪಿನ ಕೋವಿ (ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ) ಕೇಳಿದ ನಾಗರಿಕನಿಗೆ, 14ನೇ ಕಲಮಿನ ಅಡ್ಡಿಗಳಿಲ್ಲದಿದ್ದರೆ, ಪರವಾನಗಿ ಕೊಡತಕ್ಕದ್ದು ಎಂದೇ ಅದರಲ್ಲಿದೆ. ಕೇಪಿನ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಬೇರೆ ಕೋವಿಗೆ, ಅಂದರೆ ನಮ್ಮಲ್ಲಿ ಬಳಕೆಯಲ್ಲಿರುವ 12 ಬೋರಿನ ಒಂಟಿನಳಿಗೆ ಅಥವಾ ಜೋಡುನಳಿಗೆ ತೋಟೆಕೋವಿಗೆ, ಅನುಮತಿ ಕೊಡಬಹುದು. ಯಾಕೆ ಸಾಲದು ಎಂಬುದನ್ನು ಅರ್ಜಿದಾರರೇ ಬರೆಯಬೇಕು. ಕರಾವಳಿಯವರಿಗೆ ಕಾರಣ ಹುಡುಕುವ ಕಷ್ಟವಿಲ್ಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಮದ್ದು ತೇವ ಹಿಡಿಯುತ್ತದೆ, ಕೇಪು ಸಿಡಿದರೂ ಒಳಗಿನ ಮದ್ದಿಗೆ ಬೆಂಕಿ ತಾಗುವುದಿಲ್ಲ, ಏಣೆಲು (ಮಳೆಗಾಲದ ಭತ್ತದ ಬೆಳೆ) ಗದ್ದೆಗೆ ಹಂದಿ ಬರುವುದು ಆ ಮಳೆಯ ದಿನಗಳಲ್ಲೇ. ಇನ್ನೊಂದು ಅಪಾಯವೂ ಇದೆ. ಹಾರದ ಈಡು ನಳಿಗೆಯಲ್ಲೇ ಉಳಿದಿದೆ ಎಂಬುದನ್ನು ಮರೆತು ಅದರ ಮೇಲೇ ಮತ್ತೆ ಮದ್ದು ತುಂಬಿದರೆ ನಳಿಗೆ ಒಡೆಯುತ್ತದೆ. ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಲಗತ್ತಿಸಿದ ಅರ್ಜಿಯ ಬಲವೇ ಬೇರೆ.

ಅರ್ಜಿ ಹೋಗಬೇಕಾದ ಕಚೇರಿಯಲ್ಲೂ ಗೊಂದಲವಿದೆ. ಮಂಗಳೂರು ನಗರ ಪೊಲೀಸ್ ಕಮಿಷನರೇಟಿನ ವ್ಯಾಪ್ತಿಗೆ ಉಳ್ಳಾಲ, ಕೊಣಾಜೆ, ಬಜ್ಪೆ, ಮೂಲ್ಕಿ, ಮೂಡುಬಿದಿರೆ ಎಲ್ಲ ಬರುತ್ತವೆ. ಅಲ್ಲಿಯವರಿಗೆ ಪರವಾನಗಿ ಪ್ರಾಧಿಕಾರ ಪೊಲೀಸ್ ಆಯುಕ್ತರು. ಬಂಟ್ವಾಳ, ಪುತ್ತೂರು, ಸುಳ್ಯ, ಬೆಳ್ತಂಗಡಿ, ಕಡಬ ಮತ್ತು ಇಡೀ ಉಡುಪಿ ಜಿಲ್ಲೆಗೆ ಆಯಾ ಜಿಲ್ಲಾಧಿಕಾರಿ. ಎ-1 ನಮೂನೆಯನ್ನು ಆನ್‌ಲೈನಿನಲ್ಲಿ ತುಂಬಿ ಮುದ್ರಿತ ಪ್ರತಿ ಕೊಡಬೇಕು. ವಯಸ್ಸು 21 ತುಂಬಿರಬೇಕು. ದೈಹಿಕ, ಮಾನಸಿಕ ಆರೋಗ್ಯ ಸರಿಯಿದೆ, ಅಮಲಿನ ಚಟವಿಲ್ಲ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. ಕೋವಿ ಬಳಸುವ ತರಬೇತಿಯದ್ದು ಎಸ್-1 ಪ್ರಮಾಣಪತ್ರ. ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿ ಶಿಬಿರ ಯಾವಾಗ ಎಂದು ಮೊದಲೇ ವಿಚಾರಿಸಿಕೊಳ್ಳದಿದ್ದರೆ ಈ ಒಂದು ಕಾಗದಕ್ಕಾಗಿ ಅರ್ಜಿ ತಿಂಗಳುಗಟ್ಟಲೆ ನಿಲ್ಲುತ್ತದೆ.

ಪಹಣಿಯನ್ನಂತೂ ಅರ್ಜಿಗೆ ಮೊದಲೇ ನೋಡಿಕೊಳ್ಳಬೇಕು. ಗದ್ದೆ ಅಡಿಕೆ ತೋಟವಾದ ಮೇಲೂ ಬೆಳೆ ಕಾಲಮಿನಲ್ಲಿ ಭತ್ತವೆಂದೇ ಇರುವುದು, ಅಥವಾ ಕಾಲಂ ಖಾಲಿ ಇರುವುದು ನಮ್ಮಲ್ಲಿ ಸಾಮಾನ್ಯ. ಬೆಳೆಯೇ ಇಲ್ಲದ ಜಾಗಕ್ಕೆ ಬೆಳೆ ರಕ್ಷಣೆ ಏತಕ್ಕೆ ಎಂದು ವರದಿ ಬರೆಯುವವರು ಕೇಳಿದರೆ ತಪ್ಪು ಅವರದ್ದಲ್ಲ. ಜಂಟಿ ಪಹಣಿಯಾದರೆ ಉಳಿದ ಹಕ್ಕುದಾರರ ಒಪ್ಪಿಗೆಯನ್ನೂ ಇಟ್ಟುಬಿಡುವುದು ಒಳ್ಳೆಯದು. ಜಾಗ ಸಣ್ಣದು ಎಂಬ ಒಂದೇ ಕಾರಣಕ್ಕೆ ಮಾತ್ರ ಅರ್ಜಿ ತಿರಸ್ಕರಿಸಬಾರದು. ಸಾಕಷ್ಟು ಆಸ್ತಿ ಇಲ್ಲ ಎಂಬುದಷ್ಟೇ ನಿರಾಕರಣೆಗೆ ಕಾರಣವಾಗದು ಎಂದು 14(2)ರಲ್ಲಿ ಸ್ಪಷ್ಟವಿದೆ.

ಅಪ್ಪನ ಕೋವಿಯ ವಿಷಯ ಇದಕ್ಕಿಂತ ಗಂಭೀರ. ಪರವಾನಗಿದಾರರು ತೀರಿಕೊಂಡ ಮೇಲೆ ಮಕ್ಕಳು ಅದನ್ನು ಅಟ್ಟದಲ್ಲಿಟ್ಟು ಮರೆಯುತ್ತಾರೆ. ಆ ದಿನದಿಂದ ಅದು ಪರವಾನಗಿ ಇಲ್ಲದ ಕೋವಿ. 21ನೇ ಕಲಮಿನಂತೆ ತಡಮಾಡದೆ ಠಾಣೆಯಲ್ಲೋ ಪರವಾನಗಿ ಪಡೆದ ಕೋವಿ ಅಂಗಡಿಯಲ್ಲೋ ಠೇವಣಿ ಇಟ್ಟು, ರಶೀದಿ ಪಡೆದು, ಆಮೇಲೆ ವಾರಸುದಾರರೊಬ್ಬರ ಹೆಸರಿಗೆ ಅರ್ಜಿ ಹಾಕಬೇಕು. ಇನ್ನೂ ಒಳ್ಳೆಯ ದಾರಿಯೆಂದರೆ ಬದುಕಿರುವಾಗಲೇ ವರ್ಗಾಯಿಸುವುದು. 2016ರ ನಿಯಮಗಳ 25ನೇ ನಿಯಮದಂತೆ ಪರವಾನಗಿದಾರರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದರೆ, ಯಾವುದು ಮೊದಲೋ ಆಗಲೇ ತಾವು ಹೆಸರಿಸಿದ ವಾರಸುದಾರರಿಗೆ ಅದನ್ನು ಬಿಟ್ಟುಕೊಡಬಹುದು. ನವೀಕರಣಕ್ಕೆ ಎ-3 ನಮೂನೆಯ ಅರ್ಜಿ ಅವಧಿ ಮುಗಿಯುವ 60 ದಿನ ಮೊದಲೇ ಬೀಳಬೇಕು, ಮುಗಿದ ಮರುದಿನವಲ್ಲ.

ಗಡಿಯವರ ತೊಡಕು ಬೇರೆಯೇ. ಅಡ್ಯನಡ್ಕದ ಕಡೆ ಮನೆ, ಕೇರಳದ ಎಣ್ಮಕಜೆ ಪಂಚಾಯತಿನಲ್ಲಿ ತೋಟ. ಈಶ್ವರಮಂಗಲದಲ್ಲಿ ಮನೆ, ಗಾಳಿಮುಖದ ಆಚೆ ಗದ್ದೆ. ಕಾನೂನು ಒಂದೇ ಆದರೂ ಪರವಾನಗಿ ಎಲ್ಲೆಲ್ಲಿ ನಡೆಯುತ್ತದೆ ಎಂಬುದು ಪುಸ್ತಕದಲ್ಲಿ ಬರೆದಷ್ಟೇ. ವ್ಯಾಪ್ತಿಯ ಸಾಲಿನಲ್ಲಿ ಕೇರಳ ಇಲ್ಲದಿದ್ದರೆ ಕೋವಿ ಹೆಗಲಿಗೇರಿಸಿ ತೋಡು ದಾಟಿದ ಕ್ಷಣವೇ ಉಲ್ಲಂಘನೆ. ಆದ್ದರಿಂದ ಅರ್ಜಿಯಲ್ಲೇ ಎರಡೂ ಕಡೆಯ ಜಮೀನಿನ ದಾಖಲೆ ಇಟ್ಟು ವ್ಯಾಪ್ತಿ ಕೇಳಬೇಕು. ಕೋವಿಯೊಂದಿಗೆ ಮನೆಯನ್ನೇ 30 ದಿನಕ್ಕಿಂತ ಹೆಚ್ಚು ಆಚೆಗೆ ಬದಲಾಯಿಸಿದರೆ ಹೊಸ ಜಾಗದ ಪ್ರಾಧಿಕಾರಕ್ಕೆ 30 ದಿನದೊಳಗೆ ತಿಳಿಸಬೇಕು. ದಾರಿಯಲ್ಲಿ ಒಯ್ಯುವಾಗ ಕೋವಿ ಖಾಲಿ ಇರಲಿ, ಪೂರ್ತಿ ಮುಚ್ಚುವ ಚೀಲದಲ್ಲಿರಲಿ, ಪರವಾನಗಿ ಜೊತೆಗಿರಲಿ. ಕೊಡೆಯಂತೆ ಬೈಕಿಗೆ ಸಿಕ್ಕಿಸಿ ಪೇಟೆಗೆ ಬರುವ ಕಾಲ ಹೋಯಿತು.

ಕೊನೆಯದಾಗಿ ಚುನಾವಣೆಯ ಹೊತ್ತಿಗೆ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಿಸುವ ವಿಷಯ. ಜಿಲ್ಲಾಡಳಿತವನ್ನು ನಿಜವಾಗಿ ಕೇಳಬೇಕಾದದ್ದು ಇಲ್ಲಿ. ಚುನಾವಣಾ ಆಯೋಗದ ಸೂಚನೆ ಎಲ್ಲ ಕೋವಿಗಳನ್ನೂ ಒಳಗೆ ಹಾಕಿ ಎಂದಲ್ಲ. ಪರಿಶೀಲನಾ ಸಮಿತಿ ಒಂದೊಂದೇ ಪರವಾನಗಿಯನ್ನು ನೋಡಿ, ಜಾಮೀನಿನಲ್ಲಿರುವವರು, ಅಪರಾಧ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕಿಕೊಂಡವರು ಮುಂತಾದವರಿಂದ ಠೇವಣಿ ಇಡಿಸಿಕೊಳ್ಳಲಿ ಎಂಬುದು ಅದರ ಸಾರ. ಇಲ್ಲಿ ಆಗುವುದು ಸಾರಾಸಗಟು ಆದೇಶ. 2024ರಲ್ಲಿ ವೇಳಾಪಟ್ಟಿ ಬಂದದ್ದು ಮಾರ್ಚ್ 16ಕ್ಕೆ, ನಮ್ಮ ಎರಡೂ ಕ್ಷೇತ್ರಗಳ ಮತದಾನ ಏಪ್ರಿಲ್ 26ಕ್ಕೆ, ಫಲಿತಾಂಶ ಜೂನ್ 4ಕ್ಕೆ. ಮತ ಹಾಕಿದ ಮೇಲೂ ಐದು ವಾರಕ್ಕೂ ಹೆಚ್ಚು ಕಾಯಬೇಕು. ಕೊಳಕೆ (ಮೂರನೇ ಭತ್ತದ ಬೆಳೆ) ಕೊಯ್ಲು, ಅಡಿಕೆ ಸಸಿಗೆ ನೀರು, ಹಂದಿ ನೀರಿನ ಕಡೆಗೇ ಇಳಿಯುವ ದಿನಗಳು ಎಲ್ಲ ಅದರೊಳಗೇ ಬರುತ್ತವೆ. ಕೇರಳದವರೂ ಈ ವಿಷಯದಲ್ಲಿ ಸುಖಿಗಳೇನಲ್ಲ, ಅಲ್ಲಿಯೂ ಠೇವಣಿಯ ಗೋಳು ಇದ್ದದ್ದೇ.

ಠೇವಣಿ ಇಡಲೇಬೇಕಾದರೆ ಹಿಂದಿನ ದಿನ ನಳಿಗೆಗೆ ಗಜ (ಒರೆಸುವ ಕೋಲು) ಹಾಕಿ ಒರೆಸಿ ತೆಳ್ಳಗೆ ಎಣ್ಣೆ ಬಳಿಯಿರಿ. ಹೆಚ್ಚಾದರೆ ಎಣ್ಣೆ ಹಿಡಿಯ ಮರಕ್ಕೆ ಇಳಿಯುತ್ತದೆ. ಬೇಸಗೆಯ ಸೆಕೆಗೆ ಠಾಣೆಯ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟ ಕೋವಿಗೆ ತುಕ್ಕು ಹಿಡಿಯಲು ಎರಡು ವಾರ ಬೇಡ. ರಶೀದಿಯಲ್ಲಿ ಕೋವಿಯ ನಂಬರ್, ಬೋರ್, ನಳಿಗೆ ಎಷ್ಟು, ಈಗಿನ ಸ್ಥಿತಿ, ತೋಟೆಗಳ ಸಂಖ್ಯೆ, ಪಟ್ಟಿ ಮತ್ತು ಚೀಲ ಎಲ್ಲವನ್ನೂ ಬರೆಸಿಕೊಳ್ಳಿ. ‘ಕೋವಿ-1’ ಎಂದಷ್ಟೇ ಬರೆದ ರಶೀದಿಯಿಂದ ಮುಂದೆ ಏನನ್ನೂ ಸಾಬೀತುಪಡಿಸಲಾಗದು. ವಿನಾಯಿತಿ ಬೇಕಾದವರು ಚುನಾವಣೆ ಘೋಷಣೆಯಾದ ವಾರದಲ್ಲೇ ಪಹಣಿ, ಪರವಾನಗಿಯ ಪ್ರತಿ, ಬೆಳೆ ಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರ ಕೋರಿದ ಅರ್ಜಿಯ ಪ್ರತಿ ಸೇರಿಸಿ ಸಮಿತಿಗೆ ಬರೆಯಬೇಕು. ಪರಿಹಾರದ ಅರ್ಜಿಯನ್ನು ‘ಸಿಗುವ ಮೂರು ಕಾಸಿಗೆ ಯಾರು ಓಡಾಡುವುದು’ ಎಂದು ಬಿಡುವವರೇ ಹೆಚ್ಚು. ಹಣ ಎಷ್ಟೇ ಬರಲಿ, ನಿಮ್ಮ ತೋಟಕ್ಕೆ ಹಂದಿ ಬರುತ್ತದೆ ಎಂಬುದಕ್ಕೆ ಸರಕಾರಿ ಮುದ್ರೆಯ ಸಾಕ್ಷಿ ಅದೊಂದೇ.

ಎರಡೂ ಜಿಲ್ಲೆಗಳ ಜಿಲ್ಲಾಧಿಕಾರಿಗಳಲ್ಲಿ ಮತ್ತು ಪೊಲೀಸ್ ಆಯುಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ಚುನಾವಣೆಗೆ ಮೊದಲೇ ಪರಿಶೀಲನಾ ಸಮಿತಿ ಬೆಳೆ ರಕ್ಷಣೆಯ ಪರವಾನಗಿಗಳ ಪಟ್ಟಿಯನ್ನು ಠಾಣಾವಾರು ನೋಡಿ ಮುಗಿಸಲಿ. ವಿನಾಯಿತಿ ಅರ್ಜಿ ಸ್ವೀಕರಿಸುವ ಕೊನೆಯ ದಿನವನ್ನು ಪಂಚಾಯತ್ ಕಚೇರಿಗಳಲ್ಲಿ ಕನ್ನಡದಲ್ಲಿ ಅಂಟಿಸಲಿ. ಹೊಸ ಪರವಾನಗಿ ನಿರಾಕರಿಸಿದಾಗ 14(3)ರಲ್ಲಿ ಹೇಳಿದಂತೆ ಕಾರಣವನ್ನು ಬರಹದಲ್ಲಿ ಕೊಡಲಿ. ಮೇಲ್ಮನವಿಗೆ ಇರುವುದು 30 ದಿನ, ಕಾರಣ ತಿಳಿಯದೆ ಮೇಲ್ಮನವಿ ಬರೆಯಲಾಗದು.

ಇತಿ,
ಕೆಲವು ಪರವಾನಗಿದಾರ ಕೃಷಿಕರು
ಮಂಗಳೂರು